ಡ್ರಾಯಿಂಗ್‌ನಲ್ಲಿ ಮರ ಇಲ್ಲ

ಸಂಪಾದಕರಿಗೆ,

ಮಾನ್ಯರೇ,

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ. ಹನುಮಂತನಗರದ ನಮ್ಮ ಬೀದಿಗೆ ಈ ಸಲ ಭರಣಿ ಬಂದದ್ದು ಒಂದು ಸಂಜೆ ಐದೂವರೆಗೆ. ಹತ್ತು ನಿಮಿಷ ಗಾಳಿ, ಆಮೇಲೆ ದಪ್ಪ ದಪ್ಪ ಹನಿ. ಮಳೆ ಜೋರಾಗುವ ಮುಂಚೆಯೇ ಮೂಲೆಮನೆ ಮುಂದಿನ ಗುಲ್‌ಮೊಹರ್ ರಸ್ತೆಗೆ ಅಡ್ಡ ಮಲಗಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಒಂದು ಆಟೋದ ಟಾಪು ಹರಿಯಿತು, ಅಷ್ಟೇ. ಮರುದಿನ ಪೇಪರಿನಲ್ಲಿ ‘ಗಾಳಿ ಮಳೆಗೆ ಧರೆಗುರುಳಿದ ಮರಗಳು’ ಅಂತ ಬಂತು. ಪ್ರತಿ ವರ್ಷ ಬರುವ ಸುದ್ದಿಯೇ.

ಗಾಳಿ ಕೊನೆಗೊಮ್ಮೆ ನೂಕಿದ್ದು ನಿಜ. ಆದರೆ ಆ ಮರ ಬೀಳಲಿ ಅಂತ ವರ್ಷಗಟ್ಟಲೆ ಕೆಲಸ ಮಾಡಿದವರಲ್ಲಿ ನಾನೂ ಒಬ್ಬ. ಅದನ್ನು ಹೇಳಿಕೊಳ್ಳೋಣ ಅಂತಲೇ ಈ ಪತ್ರ.

ನಾನು ಲೈನ್‌ಮನ್ ಆಗಿದ್ದವನು. 31 ವರ್ಷ ಕಂಬ ಹತ್ತಿದ್ದೇನೆ. ಬೇಸಿಗೆ ಬಂತು ಅಂದರೆ ನಮಗೊಂದು ಕೆಲಸ ಇರುತ್ತಿತ್ತು, ‘ಜಂಗಲ್ ಕಟಿಂಗ್’. ಹಳ್ಳಿ ಕಡೆ ಲೈನಿನ ಕೆಳಗಿನ ಪೊದೆ ಸವರುವುದಕ್ಕೆ ಇಟ್ಟ ಹೆಸರು ಇರಬೇಕು. ನಾವು ಮಲ್ಲೇಶ್ವರದ ಸಂಪಿಗೆ ಮರಕ್ಕೂ ಅದೇ ಹೆಸರಲ್ಲಿ ಮಚ್ಚು ಹಿಡಿದು ಹೋಗುತ್ತಿದ್ದೆವು. ಊರ ನಡುವೆ ಯಾರೋ ನೆಟ್ಟು ನೀರು ಹಾಕಿ ಬೆಳೆಸಿದ ಮರವೂ ನಮ್ಮ ಲೆಕ್ಕದಲ್ಲಿ ಜಂಗಲ್ಲೇ.

ಕೊಂಬೆ ಕಡಿಯಲೇಬಾರದು ಅಂತ ನಾನು ಹೇಳುತ್ತಿಲ್ಲ. ಹಸಿ ಕೊಂಬೆ ಲೈನಿಗೆ ತಾಗಿದರೆ ಫೀಡರ್, ಅಂದರೆ ಬಡಾವಣೆಗೆ ಕರೆಂಟ್ ತರುವ ಲೈನ್, ಟ್ರಿಪ್ ಆಗಿ ಕರೆಂಟ್ ಹೋಗುತ್ತದೆ. ಕೊಂಬೆ ಮುರಿದು ಬಿದ್ದು ತಂತಿ ಹರಿದರೆ ಕೆಳಗೆ ನಡೆದು ಹೋಗುವವರ ಜೀವ ಹೋಗುತ್ತದೆ. ಅಂಥದ್ದನ್ನು ಕಣ್ಣಾರೆ ನೋಡಿದ್ದೇನೆ, ಬರೆಯಲು ಮನಸ್ಸಿಲ್ಲ. ಕಡಿಯಬೇಕು ಸರಿ, ಆದರೆ ಹೇಗೆ ಕಡಿಯುತ್ತೇವೆ ಅನ್ನುವುದು ಬೇರೆ ಮಾತು.

ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆಸಿ ಕೆಲಸ ಮಾಡಲು ಅನುಮತಿ, ಸಿಗುತ್ತಿದ್ದದ್ದು ಎರಡು ಗಂಟೆ ಮಾತ್ರ. ಫೀಡರ್ ಆಫ್ ಆಯಿತು ಅಂತ ಖಾತ್ರಿ ಮಾಡಿಕೊಂಡು, ಅರ್ಥಿಂಗ್ ಹಾಕಿ, ಏಣಿ ಇಡುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತಿತ್ತು. ಉಳಿದ ಒಂದೂವರೆ ಗಂಟೆಯಲ್ಲಿ ಇಡೀ ಬೀದಿ ಮುಗಿಸಬೇಕು. ‘ಕರೆಂಟ್ ಯಾವಾಗ ಬರುತ್ತೆ’ ಅಂತ ಪ್ರತಿ ಗೇಟಿನಿಂದ ಒಬ್ಬರು ಕೂಗುತ್ತಿರುತ್ತಾರೆ. ಆಗ ಮರದ ಯೋಗಕ್ಷೇಮ ಯಾರು ನೋಡುತ್ತಾರೆ? ತಂತಿ ಕಡೆಗೆ ಬಂದದ್ದನ್ನೆಲ್ಲ ಕಡಿ, ನಡಿ. ಇನ್ನೊಂದು ಕಡೆ ಮುಟ್ಟಬೇಡ, ಅದು ನಮ್ಮ ಕೆಲಸ ಅಲ್ಲ.

ವರ್ಷಾವರ್ಷ ಹೀಗೆ ಒಂದೇ ಕಡೆ ಕಡಿದರೆ ಮರದ ಭಾರವೆಲ್ಲ ಇನ್ನೊಂದು ಕಡೆಗೆ ವಾಲುತ್ತದೆ. ತುಂಬಿದ ಬಿಂದಿಗೆಯನ್ನು ಒಂದೇ ಕೈಯಲ್ಲಿ ಹಿಡಿದು ನಿಂತವರನ್ನು ನೋಡಿ, ಮೈ ಹೇಗೆ ವಾಲಿರುತ್ತದೆ? ಅವರು ಬಿಂದಿಗೆ ಕೆಳಗಿಡಬಹುದು. ಮರಕ್ಕೆ ಆಗುತ್ತದೆಯೇ?

ಸರಿಯಾಗಿ ಕೊಂಬೆ ಕಡಿಯುವುದು ಹೇಗೆ ಅಂತ ನನಗೆ ಗೊತ್ತಾದದ್ದು ರಿಟೈರ್ ಆದ ಮೇಲೆ. ಲಾಲ್‌ಬಾಗ್‌ಗೆ ವಾಕಿಂಗ್ ಹೋಗುವಾಗ ಪರಿಚಯವಾದ ಹಿರಿಯ ಮಾಲಿಯೊಬ್ಬರು ತೋರಿಸಿದರು. ಮೊದಲು ಕೊಂಬೆಯ ಕೆಳಗಿನಿಂದ ಒಂದು ಸಣ್ಣ ಗಾಯ. ಆಮೇಲೆ ಅದರಿಂದ ಸ್ವಲ್ಪ ಆಚೆ, ಮೇಲಿನಿಂದ ಗರಗಸ. ಕೊಂಬೆ ತೊಗಟೆ ಸೀಳದೆ ತಣ್ಣಗೆ ಬೀಳುತ್ತದೆ. ಉಳಿದ ಮೋಟನ್ನು ಕೊನೆಗೆ ಕತ್ತರಿಸಬೇಕು, ಅದೂ ಕಾಂಡಕ್ಕೆ ಅಂಟಿಕೊಂಡ ಹಾಗಲ್ಲ. ಕೊಂಬೆಯ ಬುಡದಲ್ಲಿ ಬಳೆ ತೊಟ್ಟ ಹಾಗೆ ಒಂದು ಉಬ್ಬು ಇರುತ್ತದೆ, ಅದನ್ನು ಬಿಟ್ಟು. ಆ ಉಬ್ಬಿನಿಂದಲೇ ಹೊಸ ತೊಗಟೆ ಬೆಳೆದು ಗಾಯ ಮುಚ್ಚಿಕೊಳ್ಳುತ್ತದೆ. ಅವರು ನಾಲ್ಕು ವರ್ಷದ ಹಿಂದೆ ಕತ್ತರಿಸಿದ ಜಾಗ ತೋರಿಸಿದರು. ಒಂದು ರೂಪಾಯಿ ನಾಣ್ಯದಷ್ಟು ತೂತು ಬಿಟ್ಟರೆ ಉಳಿದದ್ದೆಲ್ಲ ಮುಚ್ಚಿತ್ತು.

ನಾವು ಮಾಡುತ್ತಿದ್ದದ್ದು? ಮಚ್ಚಿನಲ್ಲಿ ಮೇಲಿನಿಂದ ನಾಲ್ಕು ಏಟು, ಆಮೇಲೆ ಹಗ್ಗ ಕಟ್ಟಿ ಜಗ್ಗುವುದು. ಕೊಂಬೆ ಬೀಳುವಾಗ ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಕಾಂಡದ ತೊಗಟೆಯನ್ನೂ ಎಳೆದುಕೊಂಡು ಬರುತ್ತಿತ್ತು. ಒಂದು ಅಡಿ ಮೋಟು ಅಲ್ಲೇ ಉಳಿಯುತ್ತಿತ್ತು. ಮೋಟಿನಲ್ಲಿ ನೀರು ಇಳಿದು ಒಳಗೆ ಕೊಳೆತ. ಅದರ ಪಕ್ಕದಲ್ಲೇ ಪೊರಕೆ ಕಡ್ಡಿ ಹಾಗೆ ಇಪ್ಪತ್ತು ಚಿಗುರು. ಮುಂದಿನ ಬೇಸಿಗೆಗೆ ಆ ಇಪ್ಪತ್ತೂ ತಂತಿ ಮುಟ್ಟುತ್ತಿದ್ದವು. ಅಂದರೆ ನಮ್ಮ ಕೆಲಸವನ್ನು ನಾವೇ ಇಪ್ಪತ್ತು ಪಟ್ಟು ಮಾಡಿಕೊಳ್ಳುತ್ತಿದ್ದೆವು! 31 ವರ್ಷದಲ್ಲಿ ನಮಗೆ ಕಂಬ ಹತ್ತುವ ಟ್ರೇನಿಂಗ್ ಕೊಟ್ಟರು, ಷಾಕ್ ಹೊಡೆದವರ ಎದೆ ಒತ್ತುವ ಟ್ರೇನಿಂಗ್ ಕೊಟ್ಟರು. ಈ ಉಬ್ಬಿನ ವಿಷಯ ಯಾರೂ ಹೇಳಲಿಲ್ಲ.

ಇನ್ನು ನೆಲದ ಕೆಳಗಿನ ಕಥೆ. ತಂತಿಯನ್ನೆಲ್ಲ ಭೂಮಿಯೊಳಗೆ ಹಾಕುತ್ತಾರೆ ಅಂದಾಗ ನಾನು ಖುಷಿಪಟ್ಟವನು. ಇನ್ನು ಮರಕ್ಕೆ ಮಚ್ಚು ತಾಗುವುದಿಲ್ಲ ಅಂದುಕೊಂಡೆ. ಬಿದ್ದ ಗುಲ್‌ಮೊಹರ್ ಬುಡವನ್ನು ಎರಡು ದಿನ ಯಾರೂ ತೆಗೆಯಲಿಲ್ಲ. ಹತ್ತಿರ ಹೋಗಿ ಕೂತು ನೋಡಿದೆ. ಮನೆ ಕಡೆಯ ಬೇರು ಎಳೆದು ಹರಿದಿದ್ದವು, ನಾರು ನಾರಾಗಿ. ರಸ್ತೆ ಕಡೆಯ ಬೇರು ಹಾಗಲ್ಲ. ಬುಡದಿಂದ ಒಂದೂವರೆ ಅಡಿಗೆ ಎಲ್ಲವೂ ಒಂದೇ ಗೆರೆಯಲ್ಲಿ ನಿಂತಿದ್ದವು, ತುದಿ ಕಪ್ಪಗೆ. ನನ್ನ ಮುಂಗೈ ದಪ್ಪದ ಒಂದು ಬೇರನ್ನು ಹೆಬ್ಬೆರಳಿನಿಂದ ಒತ್ತಿದರೆ ನೆನೆದ ರಸ್ಕಿನ ಹಾಗೆ ಒಳಗೆ ಹೋಯಿತು. ಎರಡು ವರ್ಷದ ಹಿಂದೆ ಅದೇ ಗೆರೆಯಲ್ಲಿ ಜೆಸಿಬಿ ಕೇಬಲ್‌ಗೆ ಅಗೆದಿತ್ತು. ಆಮೇಲೆ ಮಣ್ಣು ಮುಚ್ಚಿ, ಬುಡದವರೆಗೂ ಕಾಂಕ್ರೀಟ್ ಸುರಿದು ಟೈಲ್ಸ್ ಹಾಕಿ, ಚೆನ್ನಾಗಿದೆ ಅಂತ ನಾವೆಲ್ಲ ಹೊಗಳಿದ್ದೆವು.

ಮರದ ಬೇರು ಪಾತಾಳಕ್ಕೆ ಹೋಗಿರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಬಹುಪಾಲು ಬೇರು ಇರುವುದು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ, ಅಡ್ಡಕ್ಕೆ ಹರಡಿಕೊಂಡು. ಕೇಬಲ್ ಗುಂಡಿಯ ಆಳ ಅದಕ್ಕಿಂತ ತುಸು ಜಾಸ್ತಿ. ಹಾಗಾಗಿ ಬುಡದ ಪಕ್ಕ ಗುಂಡಿ ತೋಡಿದರೆ ಆ ಬದಿಯ ಬೇರು ಪೂರಾ ಹೋದ ಹಾಗೆ. ಮೇಲೆ ಒಂದು ಕಡೆ ಕೊಂಬೆ ನಾನು ಕಡಿದೆ, ಕೆಳಗೆ ಒಂದು ಕಡೆ ಬೇರು ಇನ್ನೊಬ್ಬ ಕಡಿದ. ಮಧ್ಯೆ ಗಾಳಿಯ ಹೆಸರು ಕೆಟ್ಟಿತು.

ಆ ಮರದ ಕೆಳಗೆ ಇಸ್ತ್ರಿಯವರ ಗಾಡಿಯೊಂದಿತ್ತು. ಮರ ಇದ್ದಾಗ ಅವರು ಮಧ್ಯಾಹ್ನ ಎರಡರವರೆಗೂ ಬಟ್ಟೆ ಉಜ್ಜುತ್ತಿದ್ದರು. ಈಗ ನೀಲಿ ಟಾರ್ಪಾಲ್ ಕಟ್ಟಿಕೊಂಡಿದ್ದಾರೆ. ‘ಮೊದಲು ಇಸ್ತ್ರಿ ಪೆಟ್ಟಿಗೆ ಬಿಸಿ ಒಂದೇ ಇತ್ತು ಯಜಮಾನ್ರೇ, ಈಗ ಮೇಲೂ ಕೆಳಗೂ ಪೆಟ್ಟಿಗೆ ಇಟ್ಟ ಹಾಗಾಗಿದೆ’ ಅಂದರು. ಹನ್ನೊಂದಕ್ಕೇ ಗಾಡಿ ಮುಚ್ಚುತ್ತಾರೆ. ದಿನಕ್ಕೆ ಮೂರು ಗಂಟೆ ದುಡಿಮೆ ಹೋಯಿತು.

ಇದು ಬರೀ ಅವರ ಅನಿಸಿಕೆ ಅಲ್ಲ. ನಮ್ಮ ಬೆಂಗಳೂರಿನ ರಸ್ತೆಗಳಲ್ಲೇ ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಜೊತೆಯವರು ಮಾಡಿದ್ದು. ಮರ ಇರುವ ರಸ್ತೆಯಲ್ಲಿ ಗಾಳಿಯ ಬಿಸಿ 5.6 ಡಿಗ್ರಿವರೆಗೂ ಕಡಿಮೆ, ಟಾರಿನ ಮೈ ಬಿಸಿ 27.5 ಡಿಗ್ರಿವರೆಗೂ ಕಡಿಮೆ. ಚಪ್ಪಲಿ ಬಿಟ್ಟು ನಡೆದ ಯಾರಿಗಾದರೂ ಈ ಎರಡನೇ ಲೆಕ್ಕ ಕಾಲಿಗೇ ಗೊತ್ತು. 2016ರ ಏಪ್ರಿಲ್‌ನಲ್ಲಿ ಈ ಊರು 39.2 ಡಿಗ್ರಿ ಕಂಡಿತು. 2024ರ ಏಪ್ರಿಲ್‌ನಲ್ಲಿ 38.5. ಮನೆಗೊಂದು ಎಸಿ ಬಂದರೆ ನಮಗೇನೋ ಆಯಿತು, ಇಸ್ತ್ರಿಯವರಿಗೆ, ಹೂವಿನವರಿಗೆ, ಬಸ್‌ಸ್ಟಾಪಿನಲ್ಲಿ ನಿಂತವರಿಗೆ ಯಾವ ಎಸಿ? ಅವರಿಗಿರುವುದು ಮರವೇ.

2023ರ ನವೆಂಬರ್‌ನಲ್ಲಿ ಬೆಂಗಳೂರಿಗೆ ಹವಾಮಾನ ಕ್ರಿಯಾ ಯೋಜನೆ ಅಂತ ಒಂದು ಬಂತು. ಹಸಿರು ಹೆಚ್ಚಿಸುವ ಮಾತು ಅದರಲ್ಲೂ ಇದೆ, ಒಳ್ಳೆಯದೇ. ಆದರೆ ಹಸಿರು ಅಂದ ಕೂಡಲೇ ನಮ್ಮವರಿಗೆ ಹೊಳೆಯುವುದು ಸಸಿ ನೆಡುವ ಫೋಟೋ. ಒಂದು ಮರ ಹೋದರೆ ಹತ್ತು ಸಸಿ ನೆಡುತ್ತೇವೆ ಅಂತಾರೆ. ಆ ಹತ್ತು ಸಸಿ ಇಸ್ತ್ರಿ ಗಾಡಿಗೆ ನೆರಳು ಕೊಡುವಷ್ಟರಲ್ಲಿ ಅವರ ಮಗ ರಿಟೈರ್ ಆಗದಿದ್ದರೆ ಸಾಕು. 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳ ಅವರು ಈ ಊರಿಗೆ ಹತ್ತಿರ ಹತ್ತಿರ 15 ಲಕ್ಷ ಗಿಡ ಹಾಕಿಸಿದರು. ಈವತ್ತು ನಾವು ನಿಲ್ಲುತ್ತಿರುವ ಎಷ್ಟೋ ನೆರಳು ಆಗಿನದು. ನಲವತ್ತು ವರ್ಷದ ಆ ಉಳಿತಾಯವನ್ನು ಕೇಬಲ್ ಗುಂಡಿಗೆ ಖರ್ಚು ಮಾಡುತ್ತಿದ್ದೇವೆ.

ದೆಹಲಿಯ ಮರಗಳ ಬುಡಕ್ಕೆ ಸಿಮೆಂಟ್ ಮೆತ್ತಿದ್ದನ್ನು ಕಂಡು ಯಾರೋ ದೂರು ಕೊಟ್ಟಾಗ, ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶ ಮಾಡಿತು. ಒಂದು ಮೀಟರ್ ಅಂದರೆ ಒಂದು ದೊಡ್ಡ ಹೆಜ್ಜೆ. ನಮ್ಮ ಬೀದಿಯಲ್ಲಿ ಅಷ್ಟು ಮಣ್ಣು ಬಿಟ್ಟ ಮರ ಒಂದೂ ಇಲ್ಲ, ಎಣಿಸಿ ನೋಡಿದ್ದೇನೆ.

ಮಗಳು ಮೆಲ್ಬರ್ನ್‌ನಲ್ಲಿದ್ದಾಳೆ. ಮೂರು ತಿಂಗಳು ಹೋಗಿದ್ದೆ. ಎಲ್ಲರೂ ಸಮುದ್ರ ನೋಡಿದರೆ ನಾನು ಕಂಬ ನೋಡಿಕೊಂಡು ಓಡಾಡಿದೆ, ಹಳೇ ಚಾಳಿ. ಅಲ್ಲೂ ತಂತಿ ಕೆಳಗೆ ಮರ ಇವೆ. ನಡುವಿನ ಕೊಂಬೆ ತೆಗೆದು, ಎರಡೂ ಕಡೆ ಸಮವಾಗಿ ಬಿಟ್ಟು, ಬಟ್ಟಲಿನ ಹಾಗೆ ಮಾಡಿರುತ್ತಾರೆ. ತಂತಿ ಬಟ್ಟಲಿನೊಳಗಿಂದ ಹೋಗುತ್ತದೆ. ನೋಡಲು ಚೆಂದವೇನಲ್ಲ, ಆದರೆ ಮರ ನೆಟ್ಟಗೆ ನಿಂತಿರುತ್ತದೆ. ಅಲ್ಲಿನ ನಗರಾಡಳಿತ 2012ರಲ್ಲಿ ಮರಗಳಿಗೇ ಒಂದು ಯೋಜನೆ ಮಾಡಿದೆಯಂತೆ. ರಸ್ತೆ, ಪಾರ್ಕುಗಳಲ್ಲಿ 22%ರಷ್ಟಿದ್ದ ಮರದ ನೆರಳನ್ನು 2040ಕ್ಕೆ 40% ಮಾಡಬೇಕು ಅಂತ. ಪ್ರತಿ ಮರಕ್ಕೂ ನಂಬರ್ ಇದೆ, ನಕ್ಷೆಯಲ್ಲಿ ಜಾಗ ಇದೆ, ಇಮೇಲ್ ಕೂಡ ಕೊಟ್ಟಿದ್ದರು. ಕೊಂಬೆ ಮುರಿದರೆ ತಿಳಿಸಲಿ ಅಂತ ಕೊಟ್ಟರೆ ಜನ ಮರಗಳಿಗೆ ಪ್ರೇಮಪತ್ರ ಬರೆದರಂತೆ. ನಮ್ಮಲ್ಲಿ ಮರಕ್ಕೆ ಮೊಳೆ ಹೊಡೆದು ಪಿಜಿ ಬೋರ್ಡ್ ಹಾಕುತ್ತೇವೆ, ಅದೂ ಒಂದು ರೀತಿ ಪತ್ರವೇ ಅನ್ನಿ.

ಇಮೇಲ್ ಬೇಡ. ನಕ್ಷೆಯಲ್ಲಿ ಜಾಗ ಕೊಟ್ಟರೆ ಸಾಕು. ಯಾಕೆ ಹೇಳುತ್ತೇನೆ ಅಂದರೆ, ಬಿದ್ದ ಮರದಿಂದ ನಲವತ್ತು ಹೆಜ್ಜೆ ಆಚೆ ಒಂದು ಹೊಂಗೆ ಇದೆ. ಮಾಘ ಕಳೆದು ಎಲೆ ಉದುರಿಸಿ, ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ಎಳೆ ಹಸಿರು ತುಂಬಿಕೊಳ್ಳುವ ಮರ. ಇಸ್ತ್ರಿಯವರು ಗಾಡಿಯನ್ನು ಅದರ ಕೆಳಗೆ ತರುವ ಯೋಚನೆಯಲ್ಲಿದ್ದರು. ಕಳೆದ ವಾರ ಬೆಳಗ್ಗೆ ನೋಡಿದರೆ ಫುಟ್‌ಪಾತ್ ಮೇಲೆ ಸುಣ್ಣದ ಗೆರೆ. ಇನ್ಯಾವುದೋ ಕೇಬಲ್ ಅಂತೆ. ಗೆರೆ ಹೊಂಗೆಯ ಬುಡದಿಂದ ಒಂದು ಅಡಿಗೆ ಹೋಗಿದೆ. ಕಂಟ್ರಾಕ್ಟರ್ ಕಡೆಯ ಹುಡುಗನನ್ನು ಕೇಳಿದೆ, ಸ್ವಲ್ಪ ಆಚೆ ಹಾಕಬಾರದೇನಪ್ಪ ಅಂತ. ಪಾಪ, ಮರ್ಯಾದೆಯಿಂದಲೇ ಮಾತಾಡಿದ. ಫೋನಿನಲ್ಲಿ ಡ್ರಾಯಿಂಗ್ ತೆಗೆದು ತೋರಿಸಿದ. ಕಂಬ ಇತ್ತು, ಟ್ರಾನ್ಸ್‌ಫಾರ್ಮರ್ ಇತ್ತು, ಮ್ಯಾನ್‌ಹೋಲ್ ಇತ್ತು, ಮೂಲೆಮನೆಯ ಗೇಟು ಕೂಡ ಇತ್ತು. ‘ನೋಡಿ ಸಾರ್, ಡ್ರಾಯಿಂಗ್‌ನಲ್ಲಿ ಮರಾನೇ ಇಲ್ಲ’ ಅಂದ.

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. 31 ವರ್ಷ ನಾನು ನೋಡಿದ ಒಂದು ಡ್ರಾಯಿಂಗ್‌ನಲ್ಲೂ ಮರ ಇರಲಿಲ್ಲ.

ಅಗೆಯಲು ಅನುಮತಿ ಕೊಡುವ ಕಚೇರಿ ಯಾವುದೇ ಇರಲಿ, ಮರ ಗುರುತು ಮಾಡದ ಡ್ರಾಯಿಂಗ್‌ಗೆ ಸಹಿ ಹಾಕಬಾರದು. ಬುಡದ ಹತ್ತಿರ ಜೆಸಿಬಿ ಬೇಡ, ಕೈಯಲ್ಲಿ ಅಗೆಯಲಿ. ಇಲ್ಲವೇ ಬೇರಿನ ಕೆಳಗಿನಿಂದ ಕೊರೆದು ಪೈಪ್ ಎಳೆಯುವ ಯಂತ್ರ ಈ ಊರಲ್ಲೇ ಬೇಕಾದಷ್ಟಿವೆ, ದೊಡ್ಡ ರಸ್ತೆ ದಾಟಿಸಲು ಅವನ್ನೇ ತರುತ್ತಾರಲ್ವಾ? ಜಂಗಲ್ ಕಟಿಂಗ್‌ಗೆ ಹೋಗುವ ಗ್ಯಾಂಗಿಗೆ ಒಂದು ಗರಗಸ, ಅರ್ಧ ದಿನದ ಪಾಠ. ತಂತಿ ಕೆಳಗೆ ಹೊಸದಾಗಿ ನೆಡುವುದಾದರೆ ತಂತಿ ಮುಟ್ಟದಂಥ ಗಿಡ್ಡ ಮರ. ಪಾಠ ಹೇಳಲು ಯಾರೂ ಸಿಗದಿದ್ದರೆ ನಾನು ಬರುತ್ತೇನೆ, ಸುಮ್ನೆ ಮನೆಯಲ್ಲೇ ಇರುವವನು. ಆ ಮಾಲಿಯವರನ್ನೂ ಕರೆತರುತ್ತೇನೆ.

ಹೊಂಗೆಯ ಪಕ್ಕ ಅಗೆತ ಬರುವ ಸೋಮವಾರ ಶುರು ಅಂತ ಆ ಹುಡುಗ ಹೇಳಿದ. ಪತ್ರವನ್ನು ಅಷ್ಟರೊಳಗೆ ಪ್ರಕಟಿಸಿದರೆ ಉಪಕಾರವಾಗುತ್ತದೆ.

ಇಂತಿ,
ನಿವೃತ್ತ ಲೈನ್‌ಮನ್
ಹನುಮಂತನಗರ, ಬೆಂಗಳೂರು