ಎರಡನೆಯ ಸಲ ಬರುವ ಗಿರಾಕಿ: ಮಗಳಿಗೆ ದೊಡ್ಡಪ್ಪನ ಪತ್ರ

ಕುಮಟಾ

ಚಿ. ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇತ್ತ ನಾನು, ನಿನ್ನ ದೊಡ್ಡಾಯಿ ಇಬ್ಬರೂ ಕ್ಷೇಮ. ನಿನ್ನ ಆಯಿ ಮಾಡುವ ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು ಸಿರಪ್ಪು, ಜೋನಿ ಬೆಲ್ಲ ಇವನ್ನೆಲ್ಲ ಇಂಟರ್ನೆಟ್ ಮೂಲಕ ಮಾರಬೇಕೆಂಬ ನಿನ್ನ ಯೋಚನೆ ಕೇಳಿ ಸಂತೋಷವಾಯಿತು. ಅದಕ್ಕಾಗಿ ವೆಬ್‌ಸೈಟು, ಮೂರು ತಿಂಗಳ ಜಾಹೀರಾತು ಎಲ್ಲ ಸೇರಿ 85,000 ರೂಪಾಯಿ ಕೇಳಿರುವ ಕೊಟೇಶನ್ನನ್ನೂ ಎರಡು ಸಲ ಓದಿದೆ. ಫೋನಿನಲ್ಲಿ ಹೇಳಹೊರಟರೆ ಅರ್ಧ ಮರೆತುಹೋಗುತ್ತದೆ, ಉಳಿದರ್ಧ ನಿನಗೆ ಉಪದೇಶದಂತೆ ಕೇಳಿಸುತ್ತದೆ, ಆದ್ದರಿಂದ ಬರೆಯುತ್ತಿದ್ದೇನೆ. ಆ ಕೊಟೇಶನ್ನಿಗೆ ಈಗಲೇ ಹೂಂ ಎನ್ನಬೇಡ ಎಂಬುದು ನನ್ನ ಅಭಿಪ್ರಾಯ. ಕಾರಣ ಕೇಳು.

ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಅಂಗಡಿ ಹಾಕಿದವನಿಗೆ ಇವತ್ತು ಬಂದ ಗಿರಾಕಿ ಮತ್ತೆ ಬರುತ್ತಾನೋ ಇಲ್ಲವೋ ಎಂಬ ಚಿಂತೆಯಿಲ್ಲ, ಏಕೆಂದರೆ ಜಾತ್ರೆ ಬರುವುದೇ ಎರಡು ವರ್ಷಕ್ಕೊಮ್ಮೆ. ಬಸ್‌ಸ್ಟ್ಯಾಂಡಿನ ಹತ್ತಿರ ಮೂವತ್ತೆಂಟು ವರ್ಷ ಕಿರಾಣಿ ಅಂಗಡಿ ನಡೆಸಿದ ನನಗೆ ಇದ್ದದ್ದು ಅದೊಂದೇ ಚಿಂತೆ. ಬೋರ್ಡು ನೋಡಿ ಒಳಗೆ ಬಂದವನಿಂದ ಆ ದಿನದ ವ್ಯಾಪಾರವಾಯಿತು. ಮನೆ ನಡೆದದ್ದು, ನಿನ್ನ ಅಣ್ಣಂದಿರ ಓದು ಸಾಗಿದ್ದು ಎರಡನೆಯ ಸಲ, ಹತ್ತನೆಯ ಸಲ ಬಂದವರಿಂದ. ಆ ಕೊಟೇಶನ್ನಿನ ಹದಿನಾಲ್ಕು ಬಾಬುಗಳಲ್ಲಿ ಮೊದಲ ಸಲ ಬರುವ ಗಿರಾಕಿಯನ್ನು ಕರೆತರಲು ಬೇಕಾದದ್ದೆಲ್ಲ ಇದೆ, ಎರಡನೆಯ ಸಲ ಬರುವವನಿಗೆ ಏನೂ ಇಲ್ಲ. ಅದು ಕೊಟೇಶನ್ ಕೊಟ್ಟವರ ತಪ್ಪಲ್ಲ. ಆ ಕೆಲಸ ಮಾಡಬೇಕಾದವಳು ನೀನು.

ಮೊದಲು ದುಡ್ಡು ಬೇಡದ ಕೆಲಸಗಳನ್ನು ಮುಗಿಸು. ಗೂಗಲ್ ನಕ್ಷೆಯಲ್ಲಿ ವ್ಯಾಪಾರದ ಹೆಸರು ನೋಂದಾಯಿಸುವ ವ್ಯವಸ್ಥೆ ಇದೆ. ಹಿಂದೆ ಅದಕ್ಕೆ ಗೂಗಲ್ ಮೈ ಬಿಸಿನೆಸ್ ಎನ್ನುತ್ತಿದ್ದರು, 2021ರಿಂದ ಬಿಸಿನೆಸ್ ಪ್ರೊಫೈಲ್ ಎನ್ನುತ್ತಾರೆ. ಅಂಗಡಿ ನಿಜವಾಗಿ ಇದೆ ಎಂದು ತೋರಿಸಲು ವಿಡಿಯೋ ಕೇಳಬಹುದು. ನಾನು ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ರಸ್ತೆ, ಬೋರ್ಡು, ಒಳಗಿನ ತಕ್ಕಡಿ ಎಲ್ಲವನ್ನೂ ಒಂದೇ ಉಸಿರಿಗೆ ಚಿತ್ರೀಕರಿಸಿದ್ದು ಮೂರನೆಯ ಪ್ರಯತ್ನಕ್ಕೆ ಒಪ್ಪಿಗೆಯಾಯಿತು. ಇಷ್ಟೆಲ್ಲ ಮಾಡಿ, ನಕ್ಷೆಯ ಗುರುತನ್ನು ಕನ್ನಡಕ ಹಾಕಿಕೊಳ್ಳದೆ ಇಟ್ಟ ಕಾರಣ ಅದು ಹೆದ್ದಾರಿಯ ಆಚೆ ಬದಿಯಲ್ಲಿ ಕೂತಿತು. ಗೋಕರ್ಣಕ್ಕೆ ಹೋಗುವ ಪ್ರವಾಸಿಗಳು ಒಂದು ತಿಂಗಳ ಕಾಲ ಪಕ್ಕದವರ ತೆಂಗಿನಕಾಯಿ ವಖಾರಿಗೆ ಹೋಗಿ ಗೋಡಂಬಿ ಕೇಳಿದರು. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುವ ವೇಳೆಯನ್ನೂ ನಾನು ಬರೆದಿರಲಿಲ್ಲ. ದೂರದಿಂದ ಬಂದು ಮುಚ್ಚಿದ ಬಾಗಿಲು ನೋಡಿದ ಒಬ್ಬರು ಒಂದೇ ನಕ್ಷತ್ರ ಕೊಟ್ಟು ಹೋದರು. ಅವರಿಗೆ ಕ್ಷಮೆ ಕೇಳಿ ಉತ್ತರ ಬರೆದು, ವೇಳೆ ತಿದ್ದಿದೆ. ಅವರ ಮಾತು ಈಗಲೂ ಅಲ್ಲೇ ಇದೆ, ನನ್ನ ಉತ್ತರವೂ ಇದೆ; ಓದುವವರು ಎರಡನ್ನೂ ಓದುತ್ತಾರೆ. ನೆಂಟರಿಷ್ಟರಿಂದ ಸುಳ್ಳು ಹೊಗಳಿಕೆ ಬರೆಸುವ ಆಸೆಗೆ ಬೀಳಬೇಡ. ಒಂದೇ ದಿನ ಒಂದೇ ಧಾಟಿಯಲ್ಲಿ ಬಂದ ಇಪ್ಪತ್ತು ಹೊಗಳಿಕೆ ಯಾರನ್ನೂ ಮೋಸಗೊಳಿಸುವುದಿಲ್ಲ.

ಇನ್ನು ಹೆಸರಿನ ವಿಷಯ. ಇದನ್ನು ಹುಡುಗರು ಹಗುರವಾಗಿ ನೋಡುತ್ತಾರೆ, ನನಗೆ ಇದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನೀನು ಮಾಡಿದ ಲೇಬಲ್ಲಿನಲ್ಲಿ ‘ಮುರುಗಲು ಸಿರಪ್’ ಎಂದಷ್ಟೇ ಇದೆ. ಶಿರಸಿ ಸಿದ್ದಾಪುರದವರಿಗೆ ಅದು ಸಾಕು. ಆದರೆ ಅದೇ ಹಣ್ಣನ್ನು ಮಂಗಳೂರಿನ ಕಡೆಯವರು ಪುನರ್ಪುಳಿ ಎನ್ನುತ್ತಾರೆ, ಇಲ್ಲಿ ನಮ್ಮ ಕೊಂಕಣಿ ಮಾತಿನ ನೆರೆಯವರು ಬಿರಿಂಡ ಎನ್ನುತ್ತಾರೆ, ಮುಂಬಯಿಯವರು ಕೋಕಂ ಎನ್ನುತ್ತಾರೆ. ಮುಂಬಯಿಯಲ್ಲಿ ಕೂತು ಮೊಬೈಲಿನಲ್ಲಿ ಕೋಕಂ ಎಂದು ಹುಡುಕುವವನಿಗೆ ನಿನ್ನ ಮುರುಗಲು ಕಾಣಿಸುವುದೇ ಇಲ್ಲ. ನಾಲ್ಕು ಹೆಸರುಗಳನ್ನೂ ಕನ್ನಡದಲ್ಲಿಯೂ ಇಂಗ್ಲಿಷ್ ಅಕ್ಷರಗಳಲ್ಲಿಯೂ ವಿವರಣೆಯೊಳಗೆ ಸಹಜವಾಗಿ ಸೇರಿಸು. ಅಪ್ಪೆಮಿಡಿ ಗೊತ್ತಿಲ್ಲದವರು ಮಾವಿನಮಿಡಿ ಎಂದು ಹುಡುಕುತ್ತಾರೆ, ಜೋನಿ ಬೆಲ್ಲ ಗೊತ್ತಿಲ್ಲದವರು ದ್ರವ ಬೆಲ್ಲ ಎಂದು ಹುಡುಕುತ್ತಾರೆ. ಊರಿನ ಹೆಸರನ್ನೂ ಬಿಡಬೇಡ. 2019ರಲ್ಲಿ ಶಿರಸಿ ಸುಪಾರಿಗೆ, 2023ರಲ್ಲಿ ಅಂಕೋಲೆಯ ಕರಿ ಈಶಾಡು ಮಾವಿಗೆ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಸಿಕ್ಕಿದ್ದು ಊರಿನ ಹೆಸರಿಗೇ ಬೆಲೆಯಿದೆ ಎಂಬ ಕಾರಣಕ್ಕೆ. ಹಾಗೆಂದು ಆ ಮುದ್ರೆಯನ್ನು ನೋಂದಾಯಿತ ಬಳಕೆದಾರರಲ್ಲದವರು ಹಾಕಿಕೊಳ್ಳುವಂತಿಲ್ಲ.

ಹೆಸರಿನ ಜೊತೆಗೆ ಗುಣವನ್ನೂ ಬರೆಯುವಾಗ ಕೈ ಬಿಗಿ ಹಿಡಿ. ‘ತೂಕ ಇಳಿಸುತ್ತದೆ, ಪಿತ್ತ ಗುಣಪಡಿಸುತ್ತದೆ’ ಎಂದು ಬರೆದುಕೊಂಡವರನ್ನು ನೋಡಿ ನೀನೂ ಬರೆಯಬೇಡ. ಆಹಾರದ ಬಗ್ಗೆ ದಾರಿ ತಪ್ಪಿಸುವ ಜಾಹೀರಾತು ಕೊಟ್ಟರೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿಯವರೆಗೆ ದಂಡಕ್ಕೆ ಅವಕಾಶವಿದೆ. ಬೇಸಿಗೆಯಲ್ಲಿ ನಿನ್ನ ಆಯಿ ಜೀರಿಗೆ, ಚಿಟಿಕೆ ಉಪ್ಪು ಹಾಕಿ ಮಾಡಿಕೊಡುವ ಪಾನಕ ಹೇಗಿರುತ್ತದೆ ಎಂದು ಬರೆದರೆ ಅದೇ ಸಾಕಷ್ಟು ಗುಣಗಾನ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿ, ಆ ಹದಿನಾಲ್ಕು ಅಂಕಿಯ ಸಂಖ್ಯೆಯನ್ನು ಲೇಬಲ್ಲಿನ ಮೇಲೆ ಹಾಕುವ ಮೊದಲು ಒಂದು ಬಾಟಲಿಯೂ ಘಟ್ಟ ಇಳಿಯಬಾರದು.

ವಾಟ್ಸ್‌ಆ್ಯಪ್ ಬಿಸಿನೆಸ್ಸಿಗೆ ಬೇರೆಯೇ ಒಂದು ಸಿಮ್ಮು ತೆಗೆದುಕೋ. ಮನೆಯ ನಂಬರಿಗೇ ಹಾಕಿಕೊಂಡರೆ ಮದುವೆ ಕರೆಯೋಲೆಯ ನಡುವೆ ಆರ್ಡರು ಕಳೆದುಹೋಗುತ್ತದೆ, ನನಗಾದ ಅನುಭವ. ಅದರಲ್ಲಿ ಸಾಮಾನಿನ ಚಿತ್ರ, ತೂಕ, ದರ ಹಾಕುವ ಕ್ಯಾಟಲಾಗ್ ಇದೆ, ಪದೇ ಪದೇ ಕೇಳುವ ಪ್ರಶ್ನೆಗೆ ಸಿದ್ಧ ಉತ್ತರ ಇಟ್ಟುಕೊಳ್ಳಬಹುದು, ಯಾರ ದುಡ್ಡು ಬಂತು, ಯಾರಿಗೆ ಸಾಮಾನು ಹೋಯಿತು ಎಂದು ಬಣ್ಣದ ಲೇಬಲ್ ಹಚ್ಚಬಹುದು. ನನ್ನ ಉದ್ರಿ ಪುಸ್ತಕದಲ್ಲಿ ಕೆಂಪು ಪೆನ್ಸಿಲ್ಲಿನಿಂದ ಗುರುತು ಮಾಡುತ್ತಿದ್ದೆನಲ್ಲ, ಅದೇ. ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯೊಂದರಲ್ಲಿ 256 ಜನರನ್ನು ಸೇರಿಸಬಹುದು, ಆದರೆ ನಿನ್ನ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಇದು ಕೊರತೆಯಲ್ಲ, ನಂಬರು ಉಳಿಸಿಕೊಂಡವನೇ ನಾನು ಮೇಲೆ ಹೇಳಿದ ಎರಡನೆಯ ಸಲದ ಗಿರಾಕಿ. ಮೊದಲ ಪಾರ್ಸೆಲ್ಲಿನ ಒಳಗೆ, ನಂಬರನ್ನು ಉಳಿಸಿಕೊಳ್ಳಿ, ಹೊಸ ಮಿಡಿ ಬಂದಾಗ ತಿಳಿಸುತ್ತೇವೆ ಎಂದು ಕೈಯಾರೆ ಬರೆದ ಚೀಟಿ ಇಡು. ಕೇಳದೆ ಯಾರನ್ನೂ ಗ್ರೂಪಿಗೆ ಎಳೆಯಬೇಡ, ದಿನಾ ಬೆಳಿಗ್ಗೆ ಶುಭೋದಯ ಕಳಿಸಬೇಡ. ವರ್ಷಕ್ಕೆ ಐದಾರು ಸಂದೇಶ ಸಾಕು.

ಯಾರು, ಯಾವ ಊರು, ಏನು ಕೊಂಡರು, ಖಾರ ಹೆಚ್ಚಾಯಿತೆಂದರೋ ಉಪ್ಪು ಹೆಚ್ಚಾಯಿತೆಂದರೋ, ಇದನ್ನು ಒಂದು ನೋಟ್‌ಬುಕ್ಕಿನಲ್ಲಿಯೂ ಬರೆದಿಡು. ದೊಡ್ಡ ಮಾರಾಟ ತಾಣಗಳಲ್ಲಿ ಇಟ್ಟು ಮಾರಿದರೆ ಕಮಿಷನ್ನು, ಸಾಗಾಟದ ಶುಲ್ಕ, ವಾಪಸು ಬಂದ ಮಾಲಿನ ಖರ್ಚು ಎಲ್ಲ ಹೋಗುತ್ತದೆ. ಅದನ್ನು ದರದಲ್ಲಿ ಸೇರಿಸಬಹುದು. ಆದರೆ ಕೊಂಡವರು ಆ ತಾಣದ ಗಿರಾಕಿಗಳಾಗಿಯೇ ಉಳಿಯುತ್ತಾರೆ, ನಿನ್ನವರಾಗುವುದಿಲ್ಲ. 1923ರಲ್ಲಿ ಶಿರಸಿಯ ಅಡಿಕೆ ತೋಟಿಗರು ಸೇರಿ ಟಿಎಸ್‌ಎಸ್ ಎಂಬ ಸಹಕಾರಿ ಮಾರಾಟ ಸಂಘ ಕಟ್ಟಿದ್ದು ತಮ್ಮ ಮಾಲಿನ ಮಾರಾಟ ತಮ್ಮ ಕೈಯಲ್ಲೇ ಇರಲಿ ಎಂದು. ನಿನ್ನ ಅಜ್ಜ ಅಲ್ಲಿಗೆ ಅಡಿಕೆ ಹಾಕುತ್ತಿದ್ದವರು, ನಿನಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಚಿತ್ರಗಳನ್ನು ನೀನೇ ತೆಗೆ. ಜಗುಲಿಯ ಕಿಟಕಿಯ ಪಕ್ಕ ಬೆಳಗಿನ ಹೊತ್ತು, ಹಳೆಯ ಭರಣಿ, ಉಪ್ಪುನೀರಿನಲ್ಲಿ ಸುಕ್ಕುಗಟ್ಟಿದ ಮಿಡಿ, ಪಕ್ಕದಲ್ಲಿ ಅದರ ತೊಟ್ಟು. ಇಷ್ಟು ಬಂದರೆ ಸಾಕು. ಸಾಮಾನಿನ ಸ್ವಭಾವವನ್ನು ಮುಚ್ಚಿಡಬೇಡ. ಜೋನಿ ಬೆಲ್ಲದ ತಳದಲ್ಲಿ ಹರಳು ಕಟ್ಟುವುದನ್ನು ಕಂಡು ಬೆಂಗಳೂರಿನ ಒಬ್ಬ ತಾಯಿ ಸಕ್ಕರೆ ಬೆರೆಸಿದ್ದೀರಿ ಎಂದು ನನಗೆ ಬೈದಿದ್ದರು. ಬೆಲ್ಲ ಇಟ್ಟಲ್ಲೇ ಹರಳಾಗುವುದುಂಟು ಎಂದು ಅಂದೇ ಬಾಟಲಿಯ ಮೇಲೆ ಬರೆಸಿದ್ದರೆ ಅರ್ಧ ಗಂಟೆಯ ಫೋನು ಉಳಿಯುತ್ತಿತ್ತು. ಈಗ ಅವರು ವರ್ಷಕ್ಕೆ ನಾಲ್ಕು ಸಲ ತರಿಸುತ್ತಾರೆ.

ಪಾರ್ಸೆಲ್ಲಿನ ಲೆಕ್ಕ ಹಾಕದೆ ದರ ಇಡಬೇಡ. ಅರ್ಧ ಕಿಲೋ ಉಪ್ಪಿನಕಾಯಿ ಎಂದರೆ ಗಾಜಿನ ಬಾಟಲಿ, ಪೆಟ್ಟಿಗೆ, ಸುತ್ತಿದ ಕಾಗದ ಸೇರಿ ಮುಕ್ಕಾಲು ಕಿಲೋ ದಾಟುತ್ತದೆ. ಅಂಚೆಯವರು ಅರ್ಧ ಕಿಲೋ ಮೀರಿದರೆ ಮುಂದಿನ ಅರ್ಧ ಕಿಲೋದ ಶುಲ್ಕವನ್ನು ಪೂರ್ತಿ ಹಾಕುತ್ತಾರೆ. ದಪ್ಪ ಪೌಚಿನಲ್ಲಿ 400 ಗ್ರಾಮ್ ತುಂಬಿದರೆ ಅರ್ಧ ಕಿಲೋದೊಳಗೇ ಹೋಗುತ್ತದೆ. ಮಳೆಗಾಲದಲ್ಲಿ ಮುಟ್ಟುವ ದಿನಕ್ಕೆ ಮಾತು ಕೊಡಬೇಡ. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾದಾಗ, ಜೀವಗಳೇ ಹೋದ ಆ ದುರಂತದ ಮುಂದೆ ನನ್ನ ಹನ್ನೊಂದು ಪಾರ್ಸೆಲ್ ಲೆಕ್ಕಕ್ಕೇ ಇರಲಿಲ್ಲ. ಆದರೂ ಅಂದು ಸಂಜೆಯೇ ಹನ್ನೊಂದು ಜನರಿಗೂ ವಿಷಯ ಬರೆದೆ. ಒಬ್ಬರೂ ಆರ್ಡರು ರದ್ದು ಮಾಡಲಿಲ್ಲ.

ಹಣ ಪಡೆಯುವ ವಿಷಯದಲ್ಲಿ ನನ್ನದೇ ಪೆದ್ದುತನ ಹೇಳುತ್ತೇನೆ. ಸೈನ್ಯದ ಅಧಿಕಾರಿ ಎಂದು ಹೇಳಿಕೊಂಡ ಒಬ್ಬಾತ ಹತ್ತು ಕಿಲೋ ಗೋಡಂಬಿ ಬೇಕೆಂದು ಫೋನು ಮಾಡಿ, ಗುರುತಿನ ಚೀಟಿಯ ಚಿತ್ರ ಕಳಿಸಿ, ಮುಂಗಡ ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ ಎಂದ. ಒತ್ತಿದೆ. 9,000 ರೂಪಾಯಿ ಬರಲಿಲ್ಲ, ಹೋಯಿತು. ದುಡ್ಡು ಬರಲು ಪಿನ್ ಎಂದೂ ಬೇಕಾಗುವುದಿಲ್ಲ. ಅಂಥದ್ದು ಆದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು. ನಾನು ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದೆ, ಅಷ್ಟರಲ್ಲಿ ಹಣ ಎಲ್ಲಿಗೋ ದಾಟಿತ್ತು.

ವ್ಯಾಪಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆ. 2025ರ ಜುಲೈನಲ್ಲಿ ಯುಪಿಐ ಜಮಾ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಎಷ್ಟೋ ಅಂಗಡಿಗಳ ಮುಂದೆ ‘ನಗದು ಮಾತ್ರ’ ಎಂಬ ಚೀಟಿ ಬಂದದ್ದು ನಿನಗೆ ನೆನಪಿರಬಹುದು. ಹೆದರಿ ಹಿಂದೆ ಸರಿಯುವುದು ಪರಿಹಾರವಲ್ಲ. ಅಪ್ಪನ ಅಡಿಕೆ ದುಡ್ಡು, ನೆಂಟರ ಕೈಗಡ, ಉಪ್ಪಿನಕಾಯಿಯ ದುಡ್ಡು ಎಲ್ಲ ಒಂದೇ ಖಾತೆಗೆ ಬಿದ್ದರೆ ಯಾವುದು ವ್ಯಾಪಾರದ್ದು ಎಂದು ತೋರಿಸುವುದು ಕಷ್ಟ. ಸರಕಿನ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷವಿದ್ದರೂ, ತೆರಿಗೆಯುಳ್ಳ ಸರಕನ್ನು ಹೊರರಾಜ್ಯಕ್ಕೆ ಮಾರುವವರಿಗೆ ಆ ರಿಯಾಯಿತಿ ಅನ್ವಯಿಸುವುದಿಲ್ಲ. ಕಾರವಾರದಿಂದ ಕಾಳಿ ಸೇತುವೆ ದಾಟಿ ಮಾಜಾಳಿಯ ಆಚೆ ಹೋದರೆ ಗೋವಾ. ನಮಗೆ ಅದು ಪಕ್ಕದ ಊರು, ತೆರಿಗೆಯ ಲೆಕ್ಕದಲ್ಲಿ ಬೇರೆ ರಾಜ್ಯ. ಗೋವಾಕ್ಕೂ ಮುಂಬಯಿಗೂ ಕಳಿಸುವ ಮೊದಲು ಲೆಕ್ಕಪರಿಶೋಧಕರ ಹತ್ತಿರ ಒಮ್ಮೆ ಕೂತು ಬಾ.

ಇಷ್ಟಾದ ಮೇಲೆ ಜಾಹೀರಾತು. ದಿನಕ್ಕೆ 200 ರೂಪಾಯಿಯಂತೆ ಐದು ದಿನ, ಒಂದೇ ಊರಿಗೆ, ಒಂದೇ ಸಾಮಾನಿಗೆ ಹಾಕಿ ನೋಡು. ಎಷ್ಟು ಲೈಕು ಬಂತು ಎಂದು ಎಣಿಸಬೇಡ. ಆ 1,000 ರೂಪಾಯಿಗೆ ಎಷ್ಟು ಆರ್ಡರು ಬಂತು, ಅವರಲ್ಲಿ ಎಷ್ಟು ಜನ ಮೂರು ತಿಂಗಳೊಳಗೆ ಮತ್ತೆ ಕೇಳಿದರು ಎಂದು ಬರೆದಿಡು. ಮಿಡಿ ಸಿಗುವುದೇ ವರ್ಷಕ್ಕೆ ಕೆಲವು ವಾರ, ನಿನ್ನ ಆಯಿಯ ಕೈ ಎರಡೇ. ಇನ್ನೂರು ಬಾಟಲಿ ಮಾಡಬಲ್ಲವಳು ಎರಡು ಸಾವಿರ ಜನರನ್ನು ಕರೆದರೆ, ಸಾವಿರದ ಎಂಟುನೂರು ಜನರಿಗೆ ಇಲ್ಲವೆನ್ನಲು ದುಡ್ಡು ಕೊಟ್ಟಂತಾಗುತ್ತದೆ.

ವೆಬ್‌ಸೈಟು ಬೇಡವೆಂದು ನಾನು ಹೇಳುತ್ತಿಲ್ಲ. ಮುಂದಿನ ವರ್ಷ ಮಾಡಿಸು. ಆಗ ಡೊಮೇನ್ ಹೆಸರು, ಅಂದರೆ ವೆಬ್‌ಸೈಟಿನ ವಿಳಾಸ, ನಿನ್ನ ಹೆಸರಿನಲ್ಲಿ, ನಿನ್ನ ಇಮೇಲಿನಲ್ಲಿ ನೋಂದಣಿಯಾಗಬೇಕು, ಪಾಸ್‌ವರ್ಡು ನಿನ್ನ ಕಪಾಟಿನಲ್ಲಿರಬೇಕು. ನನ್ನ ಮೊದಲ ವೆಬ್‌ಸೈಟು ಮಾಡಿಕೊಟ್ಟ ಪರಿಚಯದ ಹುಡುಗ ಎಲ್ಲವನ್ನೂ ತನ್ನ ಹೆಸರಿನಲ್ಲೇ ಮಾಡಿದ್ದ. ಅವನು ಊರು ಬಿಟ್ಟ, ನವೀಕರಣದ ದಿನ ದಾಟಿತು, ಬಿಲ್ಲು ಪುಸ್ತಕದ ಮೇಲೆಲ್ಲ ಅಚ್ಚು ಹಾಕಿಸಿದ್ದ ವಿಳಾಸ ತೆರೆದರೆ ಯಾವುದೋ ಜೂಜಿನ ಪುಟ ಬರತೊಡಗಿತು. ಉಳಿದ ಬಿಲ್ಲು ಪುಸ್ತಕಗಳ ಹಿಂಬದಿಯಲ್ಲಿ ನಿನ್ನ ದೊಡ್ಡಾಯಿ ಇನ್ನೂ ಹಾಲಿನ ಲೆಕ್ಕ ಬರೆಯುತ್ತಾಳೆ.

ಈಗ ಒಂದು ಕೆಲಸ ಮಾಡು. ನಾನು ಯಾರೋ ಅಪರಿಚಿತ ಎಂದು ತಿಳಿದು, ಒಂದು ಪೌಚು ಮಿಡಿ ಉಪ್ಪಿನಕಾಯಿ ಮತ್ತು ಒಂದು ಬಾಟಲಿ ಮುರುಗಲು ಸಿರಪ್ಪನ್ನು ನನ್ನ ವಿಳಾಸಕ್ಕೆ ಅಂಚೆಯಲ್ಲಿ ಕಳಿಸು. ಬಸ್ಸಿನ ಕಂಡಕ್ಟರನ ಕೈಯಲ್ಲಿ ಬೇಡ. ಎಣ್ಣೆ ಸೋರಿದೆಯೇ, ಮುಚ್ಚಳ ಉಬ್ಬಿದೆಯೇ, ಲೇಬಲ್ಲಿನ ಅಕ್ಷರ ನನ್ನ ಕಣ್ಣಿಗೆ ಕಾಣುತ್ತದೆಯೇ ಎಂದು ನೋಡಿ ಚಿತ್ರ ಸಮೇತ ಬರೆಯುತ್ತೇನೆ. ಸಾಗಾಟದ ಖರ್ಚನ್ನೂ ಸೇರಿಸಿ ಬಿಲ್ಲು ಕಳಿಸು, ರಿಯಾಯಿತಿ ಬೇಡ.

ಆಯಿಗೆ, ಅಪ್ಪನಿಗೆ ನನ್ನ ನೆನಪು ತಿಳಿಸು.

ಇತಿ ಆಶೀರ್ವಾದಗಳು,
ನಿನ್ನ ದೊಡ್ಡಪ್ಪ