ಹಾಸನದಲ್ಲಿ ಓದುತ್ತಿರುವ ಮಗಳಿಗೊಂದು ಪತ್ರ

ಚಿಕ್ಕಮಗಳೂರು

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮವಾಗಿದ್ದೇವೆ. ಮಳೆ ಈ ವಾರ ಸ್ವಲ್ಪ ಬಿಡುವು ಕೊಟ್ಟಿರುವುದರಿಂದ ಕಾಫಿ ತೋಟದಲ್ಲಿ ಚಿಗುರು ತೆಗೆಸುವ ಕೆಲಸ ನಡೆದಿದೆ. ಭಾನುವಾರ ರಾತ್ರಿ ನೀನು ಫೋನಿನಲ್ಲಿ, "ಓದಲು ಕೂತರೆ ಮನಸ್ಸೇ ನಿಲ್ಲುತ್ತಿಲ್ಲಮ್ಮ, ಇಂಜಿನಿಯರಿಂಗ್ ನನಗೆ ಆಗಿಬರುವುದಿಲ್ಲವೇನೋ" ಎಂದ ಮಾತು ಇನ್ನೂ ಕಿವಿಯಲ್ಲಿದೆ. ಆಗ ಎರಡು ಸಮಾಧಾನದ ಮಾತು ಹೇಳಿ ಫೋನ್ ಇಟ್ಟೆ. ಆದರೆ ನೀನು ಕೇಳಿದ್ದಕ್ಕೆ ಬರೀ ಸಮಾಧಾನ ಸಾಲದು, ಕೂತು ಯೋಚಿಸಿ ಉತ್ತರ ಕೊಡಬೇಕು ಎನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ಮನಸ್ಸು ಬಂದ ಮೇಲೆ ಓದುತ್ತೇನೆ ಎಂದು ನೀನು ಕಾಯುತ್ತಿದ್ದೀಯ. ನಾನು ಕಂಡ ಮಟ್ಟಿಗೆ ಮನಸ್ಸು ಮೊದಲು ಬರುವುದಿಲ್ಲ. ಕೆಲಸಕ್ಕೆ ಕೈ ಹಾಕಿದ ಮೇಲೆ ಅದರ ಹಿಂದೆಯೇ ಬರುತ್ತದೆ. ಆದ್ದರಿಂದ ಉಳಿದುಕೊಂಡಿರುವ ಗಣಿತದ ಪೇಪರನ್ನು ಪೂರ್ತಿ ಮುಗಿಸುವ ಯೋಚನೆ ಇಟ್ಟುಕೊಂಡು ಕೂರಬೇಡ, ಒಂದೇ ಒಂದು ಲೆಕ್ಕವನ್ನು ಬಿಡಿಸುತ್ತೇನೆ ಎಂದು ಕೂರು. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬುವರು 1980ರ ದಶಕದ ಕೊನೆಯಲ್ಲಿ, ಕಾಲೇಜಿನಲ್ಲಿ ಓದುವಾಗ ನಿನ್ನಂತೆಯೇ ಗಮನ ನಿಲ್ಲದೆ, ಅಡುಗೆಮನೆಯ ಟೊಮ್ಯಾಟೊ ಆಕಾರದ ಟೈಮರೊಂದನ್ನು ಮುಂದಿಟ್ಟುಕೊಂಡು ಓದಲು ಆರಂಭಿಸಿದರಂತೆ. 25 ನಿಮಿಷ ಓದು, 5 ನಿಮಿಷ ವಿರಾಮ ಎಂಬ ಅವರ ಪದ್ಧತಿ ಈಗ ಎಲ್ಲೆಡೆ ಬಳಕೆಯಲ್ಲಿದೆ. ನಿನಗೆ 25 ಹೆಚ್ಚೆನಿಸಿದರೆ 15ರಿಂದ ಶುರು ಮಾಡು.

ಇನ್ನೊಂದು ವಿಷಯವನ್ನು ನಿನಗೆ ಈವರೆಗೆ ಹೇಳಿರಲಿಲ್ಲ. ಪದವಿಯ ಎರಡನೆಯ ವರ್ಷದಲ್ಲಿ ನಾನು ಒಂದು ವಿಷಯದಲ್ಲಿ ಫೇಲಾಗಿದ್ದೆ. ಓದಿರಲಿಲ್ಲ ಎಂದೇನಲ್ಲ. ನೋಟ್ಸನ್ನು ನಾಲ್ಕೈದು ಸಲ ಓದಿದ್ದೆ, ಮುಖ್ಯವೆನಿಸಿದ ಸಾಲುಗಳ ಕೆಳಗೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೆ, ಪರೀಕ್ಷೆಯ ಹಿಂದಿನ ರಾತ್ರಿ ಮಲಗಿರಲೂ ಇಲ್ಲ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಉತ್ತರ ಯಾವ ಪುಟದಲ್ಲಿದೆ, ಕೆಂಪು ಗೆರೆ ಎಲ್ಲಿ ಶುರುವಾಗುತ್ತದೆ ಎಂಬುದೆಲ್ಲ ಕಣ್ಣಮುಂದೆ ಬಂತು. ಆ ಗೆರೆಯ ಮೇಲಿದ್ದ ಅಕ್ಷರ ಮಾತ್ರ ಬರಲಿಲ್ಲ. ಮನೆಗೆ ಬಂದು ಹಿತ್ತಲಲ್ಲಿ ಕೂತು ಅತ್ತಿದ್ದೆ. ನನಗೆ ಬುದ್ಧಿ ಸಾಲದು ಎಂದೇ ಎಷ್ಟೋ ವರ್ಷ ನಂಬಿದ್ದೆ.

ಬುದ್ಧಿಯ ಕೊರತೆಯಲ್ಲ, ಓದಿದ ರೀತಿಯ ತಪ್ಪು ಎಂಬುದು ಬಹಳ ತಡವಾಗಿ ತಿಳಿಯಿತು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು, ಕಲಿತದ್ದರಲ್ಲಿ ಬಹುಪಾಲು ಮೊದಲ ದಿನವೇ ಜಾರಿಹೋಗುತ್ತದೆ, ಆಮೇಲೆ ಮರೆವಿನ ವೇಗ ತಗ್ಗುತ್ತದೆ ಎಂದು ತೋರಿಸಿದ್ದರು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಒಂದು ಪಾಠ ಓದಲು ಕೊಟ್ಟು, ಕೆಲವರಿಂದ ಅದನ್ನೇ ಮತ್ತೆ ಓದಿಸಿದರು, ಉಳಿದವರಿಂದ ಪುಸ್ತಕ ಮುಚ್ಚಿಸಿ ನೆನಪಿದ್ದಷ್ಟನ್ನು ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಪುಸ್ತಕ ಮುಚ್ಚಿ ಬರೆದವರು ಮುಂದಾಗಿದ್ದರು. ನನ್ನ ಕೆಂಪು ಗೆರೆಗಳು ಆ ಮೊದಲ ಐದು ನಿಮಿಷದ ವಿದ್ಯೆ, ಮಗಳೇ.

ಹಾಗಾಗಿ ನೀನು ಪುಸ್ತಕ ಮುಚ್ಚಿ ಓದು. ಊರಿಗೆ ಬಂದು ಹಿಂದಿರುಗುವಾಗ ಬೇಲೂರಿನವರೆಗೆ ನೋಟ್ಸ್ ನೋಡು, ಬೇಲೂರಿನಲ್ಲಿ ಬಸ್ಸು ನಿಂತಾಗ ಅದನ್ನು ಚೀಲದೊಳಗೆ ಇಟ್ಟುಬಿಡು. ಅಲ್ಲಿಂದ ಹಾಸನ ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತ, ಓದಿದ್ದನ್ನು ಮನಸ್ಸಿನಲ್ಲೇ ನನಗೆ ಹೇಳಿಕೊಡುವಂತೆ ಹೇಳಿಕೋ. ಎಲ್ಲಿ ತಡವರಿಸುತ್ತೀಯೋ ಅಷ್ಟನ್ನು ಮಾತ್ರ ಹಾಸ್ಟೆಲಿಗೆ ಹೋಗಿ ತೆರೆದು ನೋಡು. ಎರಡು ದಿನ ಬಿಟ್ಟು ಮತ್ತೊಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಹೀಗೆಯೇ ಮಾಡಿದರೆ ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡುವ ಪ್ರಮೇಯವಿರುವುದಿಲ್ಲ. ಕಲಿತದ್ದು ನೆನಪಿನಲ್ಲಿ ಬೇರೂರುವುದಕ್ಕೆ ನಿದ್ದೆ ಬೇಕೇ ಬೇಕು, ಅದರಲ್ಲಿ ಮಾತ್ರ ಉಳಿತಾಯ ಮಾಡಬೇಡ.

ನಿನ್ನೆ ಮೇಲಿನ ಪಟ್ಟೆಯಲ್ಲಿ ಚಿಗುರು ತೆಗೆಯುತ್ತಿದ್ದಾಗ ನಿನ್ನ ನೆನಪಾಯಿತು. ಕಾಂಡದಿಂದ ನೆಟ್ಟಗೆ ಮೇಲೇಳುವ ಆ ಚಿಗುರು ಗಿಡದ ಉಳಿದ ಎಲೆಗಳಿಗಿಂತ ಹಸಿರಾಗಿ, ನುಣುಪಾಗಿ, ನೋಡಲು ಬಹಳ ಚೆನ್ನಾಗಿರುತ್ತದೆ. ಅದರಲ್ಲಿ ರೋಗವಿಲ್ಲ, ಹುಳುವಿಲ್ಲ; ಆದರೂ ಹಾಗೇ ಬಿಟ್ಟರೆ ಫಸಲು ಬರಬೇಕಾದ ಅಡ್ಡಕೊಂಬೆಗಳ ಪಾಲಿನ ಸಾರವನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ. ಎಳೆಯದಾಗಿದ್ದಾಗ ಬೆರಳಿನಿಂದ ಮುರಿದರೆ ಸಾಕು, ಬಲಿತ ಮೇಲೆ ಕತ್ತಿಯೇ ಬೇಕು. ಒಮ್ಮೆ ತೆಗೆದರೆ ಮುಗಿಯುವುದೂ ಇಲ್ಲ, ಕೆಲವು ವಾರಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಒಡೆಯುತ್ತದೆ. ನಿನ್ನ ಫೋನು, ಕಾಲೇಜಿನ ಮೂರು ಮೂರು ತಂಡಗಳ ಕೆಲಸ, ರಾತ್ರಿ ಹನ್ನೊಂದರ ನಂತರ ಸ್ನೇಹಿತೆಯರ ಕೋಣೆಯ ಹರಟೆ, ಇವು ಯಾವುವೂ ಕೆಟ್ಟವೆಂದು ನಾನು ಹೇಳುವುದಿಲ್ಲ. ನೃತ್ಯದ ತಂಡವನ್ನು ಖಂಡಿತ ಉಳಿಸಿಕೋ, ಅದು ನಿನ್ನ ಪ್ರಾಣ. ಉಳಿದ ಎರಡು ತಂಡಗಳನ್ನು ಈ ಸೆಮಿಸ್ಟರಿನ ಮಟ್ಟಿಗೆ ಬಿಟ್ಟುಬಿಡು.

ಪಿಯುಸಿಯಲ್ಲಿ ತರಗತಿಗೇ ಮೊದಲಿಗಳಾಗಿದ್ದವಳು ಈಗ ಅರವತ್ತು ಜನರ ನಡುವೆ ಎಲ್ಲೋ ಇದ್ದೇನೆ ಎಂಬ ಸಂಕಟ ನಿನ್ನ ದನಿಯಲ್ಲಿತ್ತು. ಆ ಅರವತ್ತು ಜನರೂ ತಮ್ಮ ತಮ್ಮ ಊರಿನ ಮೊದಲಿಗರೇ ಆಗಿದ್ದವರು. ಅವರ ಅಂಕಗಳನ್ನು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ, ನೀನೂ ಕೇಳಬೇಡ. ಇಷ್ಟೆಲ್ಲ ಪ್ರಯತ್ನಪಟ್ಟ ಮೇಲೂ ಊಟ ಸೇರದೆ, ನಿದ್ದೆ ಬಾರದೆ ಇದ್ದರೆ ಪರೀಕ್ಷೆಯವರೆಗೆ ಕಾಯದೆ ಹೇಳು. ನಾನೇ ಬರುತ್ತೇನೆ, ಇಬ್ಬರೂ ಸೇರಿ ವೈದ್ಯರನ್ನು ಕಾಣೋಣ.

ಅಪ್ಪ ಶನಿವಾರ ಹಾಸನಕ್ಕೆ ಬರುತ್ತಾರೆ. ಕೋಡುಬಳೆ ಮತ್ತು ಕಾಫಿಪುಡಿಯ ಜೊತೆ ನಡುಮನೆಯ ಅಲಾರಂ ಗಡಿಯಾರವನ್ನೂ ಕಳುಹಿಸುತ್ತಿದ್ದೇನೆ. ಬೆಳಿಗ್ಗೆ ಏಳುವುದಕ್ಕಾಗಿ ಫೋನನ್ನು ದಿಂಬಿನ ಪಕ್ಕ ಇಟ್ಟುಕೊಳ್ಳಲೇಬೇಕು ಎಂದಿದ್ದೆಯಲ್ಲ, ಇನ್ನು ಅದನ್ನು ಕೋಣೆಯ ಆಚೆ ತುದಿಯ ಕಪಾಟಿನಲ್ಲಿ ಇಡಬಹುದು. ಗಡಿಯಾರಕ್ಕೆ ದಿನವೂ ಮಲಗುವ ಮುಂಚೆ ಕೀ ಕೊಡು. ಅದು ಎರಡು ನಿಮಿಷ ಮುಂದೆ ಓಡುತ್ತದೆ.

ಇಂತಿ ನಿನ್ನ ಪ್ರೀತಿಯ
ಅಮ್ಮ