ಲೀಡ್ಸ್‌ಗೆ ಹೊರಟ ಗೆಳೆಯನಿಗೆ, ರೇಡಿಯೇಟರ್ ಪೆಟ್ಟಿಗೆಯ ಬಗ್ಗೆ

ಸಿಂಹಗಡ ರಸ್ತೆ, ಪುಣೆ

ಪ್ರೀತಿಯ ಗೆಳೆಯಾ,

ಚಳಿಗಾಲಕ್ಕೆ ಇಂಗ್ಲೆಂಡಿನ ಲೀಡ್ಸ್‌ಗೆ, ಮಗನ ಮನೆಗೆ ಹೊರಟಿದ್ದೀಯ. ಮೊಮ್ಮಗ ಗೋಡೆ ಹಿಡಿದು ನಡೆಯೋಕೆ ಶುರು ಮಾಡಿದ್ದಾನೆ, ಅವನ ಕೈ ಮೊದಲು ಹೋಗೋದೇ ಕೋಣೆ ಕಾಯಿಸೋಕೆ ಗೋಡೆಗೆ ಕೂರಿಸಿರೋ ಆ ಬಿಸಿನೀರಿನ ರೇಡಿಯೇಟರಿಗೆ ಅಂತ ಬರೆದಿದ್ದೀಯ. ಅಲ್ಲೇ ಇರೋ ನನ್ನ ಮಗಳ ಮನೆಯ ರೇಡಿಯೇಟರ್ ಮುಚ್ಚೋಕೆ ಮಾಡಿದ ಮರದ ಪೆಟ್ಟಿಗೆಯ ಫೋಟೊ ನೋಡಿ ‘ನಂಗೂ ಹೇಳಿಕೊಡು’ ಅಂದಿದ್ದೀಯ. ಫೋನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಪುಣೆ, ಡೊಂಬಿವಲಿ ಕಡೆ ಮೊಮ್ಮಕ್ಕಳನ್ನ ನೋಡಿಕೊಳ್ಳೋಕೆ ವಿಮಾನ ಹತ್ತೋರು ಈಗ ಜಾಸ್ತಿ, ಅಲ್ವಾ? ಅವರಿಗೂ ಉಪಯೋಗ ಆಗಲಿ ಅಂತ ಎಲ್ಲರಿಗೂ ಕಾಣೋ ಹಾಗೆ ಹಾಕಿದ್ದೇನೆ.

ಮರ ಮುಟ್ಟೋ ಮೊದಲು ಮಗನಿಗೆ ಫೋನ್ ಮಾಡಿ ಒಂದು ವಿಷಯ ಕೇಳು. ಮನೆ ಬಿಸಿ ಮಾಡೋದು ಗ್ಯಾಸ್ ಬಾಯ್ಲರೋ, ಹೊರಗಿನ ಶಾಖ ಎಳೆದು ತರೋ ಹೀಟ್ ಪಂಪೋ, ಇಲ್ಲಾ ಕರೆಂಟಿನ ಹೀಟರೋ? ಕರೆಂಟಿನ ಹೀಟರ್ ಆದರೆ ಈ ಪತ್ರ ಇಲ್ಲಿಗೇ ಬಿಡು. ಅದರ ಮೇಲೆ ಏನನ್ನೂ ಮುಚ್ಚಬಾರದು, ಬೆಂಕಿಯ ಅಪಾಯ. ಹೀಟ್ ಪಂಪ್ ಆದರೂ ಬೇಡ. ಅದರಲ್ಲಿ ನೀರು ಸಾಮಾನ್ಯವಾಗಿ 35ರಿಂದ 50 ಡಿಗ್ರಿ ಅಷ್ಟೇ. ರೇಡಿಯೇಟರ್ ಗ್ಯಾಸ್ ಬಾಯ್ಲರಿನದರಷ್ಟು ಕಾಯೋದಿಲ್ಲ, ಇರೋ ಶಾಖವನ್ನೂ ನಾವೇ ಅಡ್ಡಗಟ್ಟಿದ ಹಾಗಾಗುತ್ತದೆ.

ಗ್ಯಾಸ್ ಬಾಯ್ಲರ್ ಆದರೆ ಮೊದಲು ರೇಡಿಯೇಟರಿಗೆ ಹೋಗೋ ನೀರಿನ ಬಿಸಿ ಎಷ್ಟಕ್ಕೆ ಇಟ್ಟಿದ್ದಾರೆ ನೋಡಲಿ. ಸುಮಾರು ಮನೆಗಳಲ್ಲಿ 70, 80ಕ್ಕೆ ಇಟ್ಟು ಮರೆತಿರುತ್ತಾರೆ. 60ಕ್ಕೋ 55ಕ್ಕೋ ಇಳಿಸಿದರೆ ಗ್ಯಾಸೂ ಉಳಿಯುತ್ತದೆ. ಈಗಿನ ಕಂಡೆನ್ಸಿಂಗ್ ಬಾಯ್ಲರ್‌ಗಳು ವಾಪಸ್ ಬರೋ ನೀರು 55ಕ್ಕಿಂತ ತಣ್ಣಗಿದ್ದರೇನೇ ಹೊಗೆಯಲ್ಲಿರೋ ಹಬೆಯ ಶಾಖವನ್ನ ಸರಿಯಾಗಿ ಹೀರಿಕೊಳ್ಳೋದು. ಟ್ಯಾಂಕ್ ಇಲ್ಲದೆ ನಲ್ಲಿ ನೀರನ್ನೂ ತಾನೇ ಕಾಯಿಸೋ ಕಾಂಬಿ ಬಾಯ್ಲರ್ ಆದರೆ ನಲ್ಲಿ ನೀರಿನ ಗುಂಡಿ ಬೇರೆ ಇರುತ್ತದೆ, ಸ್ನಾನಕ್ಕೆ ತೊಂದರೆ ಇಲ್ಲ. ಬಿಸಿನೀರಿನ ದೊಡ್ಡ ಟ್ಯಾಂಕ್ ಇರೋ ಮನೆಯಾದರೆ ಮಾತ್ರ ಸುಮ್ನೆ ಇಳಿಸಬಾರದು. ಟ್ಯಾಂಕಿನ ನೀರು 60 ಡಿಗ್ರಿ ಇರಬೇಕು, ಇಲ್ಲದಿದ್ದರೆ ಲೀಜಿಯೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಅಷ್ಟು ಇಳಿಸಿದರೂ ಕೂಸಿಗೆ ಅದು ಬಿಸಿಯೇ. ಅಲ್ಲಿನ ಆಸ್ಪತ್ರೆ, ಆರೈಕೆ ಮನೆಗಳಲ್ಲಿ ಮೈ ತಗಲುವ ಮೇಲ್ಮೈ 43 ಡಿಗ್ರಿ ದಾಟಬಾರದು ಅನ್ನೋ ಮಾರ್ಗಸೂಚಿ ಇದೆ. 55 ಎಲ್ಲಿ, 43 ಎಲ್ಲಿ. ಹಾಗಾಗಿ ಪೆಟ್ಟಿಗೆ ಬೇಕು ಅಂತಲೇ ಇಟ್ಟುಕೋ.

ಈಗ ಪೆಟ್ಟಿಗೆ. ಇಲ್ಲಿ ಮರಕ್ಕಿಂತ ಸಂದು ಮುಖ್ಯ. ರೇಡಿಯೇಟರ್ ಅಂತ ಹೆಸರಿದ್ದರೂ ಅದು ಕೋಣೆಯನ್ನ ಬಿಸಿ ಮಾಡೋದು ಹೆಚ್ಚಾಗಿ ಗಾಳಿ ಹರಿಸಿ. ಎರಡು ಉಕ್ಕಿನ ಹಲಗೆ, ನಡುವೆ ಮಡಿಚಿದ ತಗಡು. ನೆಲದ ತಣ್ಣನೆ ಗಾಳಿ ಕೆಳಗಿಂದ ಒಳಗೆ ಹೋಗಿ, ತಗಡಿಗೆ ತಾಗಿ ಕಾದು, ಮೇಲಿಂದ ಹೊರಬರುತ್ತದೆ. ಕೆಳಗೆ ಬಾಯಿ ಮುಚ್ಚಿದರೂ ಅಷ್ಟೇ, ಮೇಲೆ ಮುಚ್ಚಿದರೂ ಅಷ್ಟೇ, ಕೋಣೆ ತಣ್ಣಗೇ ಉಳಿಯುತ್ತದೆ. ಅಂಗಡಿಯಲ್ಲಿ ಸಿಗೋ ಎಷ್ಟೋ ಚಂದದ ಪೆಟ್ಟಿಗೆಗಳಲ್ಲಿ ಇದೇ ತೊಂದರೆ. ಮುಂದೆ ಹೂಬಳ್ಳಿ ಕೊರೆದಿರುತ್ತಾರೆ, ಮೇಲೆ ಹಲಗೆ ಗಟ್ಟಿಯಾಗಿ ಮುಚ್ಚಿರುತ್ತದೆ.

ನಾನು ಮಾಡಿದ್ದು ಹೀಗೆ. ಕೆಳಗೆ ಮುಂಭಾಗದಲ್ಲಿ 100 ಮಿಲಿಮೀಟರ್ ಪೂರ್ತಿ ಖಾಲಿ. ಮುಂದೆ ತೂತಿನ ತಗಡು, ಮೇಲಿನ ಹಲಗೆಯ ಅಂಚಿನವರೆಗೂ. ಹಲಗೆಯ ಅಡಿಯಲ್ಲಿ, ಒಳಗಡೆ, ತೆಳು ಅಲ್ಯೂಮಿನಿಯಂ ಹಾಳೆಯೊಂದನ್ನ ಓರೆಯಾಗಿ ಕೂರಿಸಿದ್ದೇನೆ. ಮೇಲೇರಿದ ಬಿಸಿ ಗಾಳಿ ಅದಕ್ಕೆ ಬಡಿದು ಮುಂದಕ್ಕೆ ತಿರುಗುತ್ತದೆ. ಹಲಗೆ ಬಿಸಿಯಾಗಿ ಬಾಗೋದೂ ಕಡಿಮೆ. ರೇಡಿಯೇಟರಿನ ಸುತ್ತ ಎಲ್ಲ ಕಡೆ 40, 50 ಮಿಲಿಮೀಟರ್ ಜಾಗ.

ತಗಡು ಆರಿಸುವಾಗ ಚಂದ ನೋಡಬೇಡ, ತೂತಿನ ಲೆಕ್ಕ ನೋಡು. 6 ಮಿಲಿಮೀಟರ್ ತೂತು, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 9 ಮಿಲಿಮೀಟರ್, ಸಾಲು ಬಿಟ್ಟು ಸಾಲು ಜರುಗಿಸಿ ಹೊಡೆದದ್ದು ಆದರೆ ಸುಮಾರು ಶೇಕಡಾ 40 ಜಾಗ ತೆರೆದಿರುತ್ತದೆ. ಅದಕ್ಕಿಂತ ಕಡಿಮೆ ತೆಗೆದುಕೊಳ್ಳಬೇಡ. ಮಗಳಿಗೆ ಬೆತ್ತದ ಹೆಣಿಗೆ ಬೇಕಿತ್ತು, ಹಳೇ ಕುರ್ಚಿಗಳಲ್ಲಿ ಇರುತ್ತಿತ್ತಲ್ಲ, ಅದು. ನೋಡೋಕೆ ಚಂದವೇ. ಆದರೆ ದಿನವಿಡೀ ಒಣ ಶಾಖ ತಗಲಿದರೆ ಬೆತ್ತ ಪೆಡಸಾಗುತ್ತದೆ. ಕೂಸು ಒಂದು ಗುದ್ದು ಗುದ್ದಿದರೆ ಸಾಕು. ನಾನು ಒಪ್ಪಲಿಲ್ಲ.

‘ಇಲ್ಲಿಂದ ಮರ ಹೊತ್ಕೊಂಡು ಹೋಗಬೇಕಾ, ಅಲ್ಲಿ ಸಿಗಲ್ವಾ’ ಅಂತ ನಿನ್ನ ಹೆಂಡತಿ ಕೇಳೇ ಕೇಳುತ್ತಾರೆ. ನನ್ನವಳೂ ಕೇಳಿದ್ದಳು. ಸಿಗುತ್ತದೆ. ಅಲ್ಲಿ ಹೆಚ್ಚಿನವರು ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆಗೆ ಬಿಳಿ ಬಣ್ಣ ಬಳಿದು ಮಾಡುತ್ತಾರೆ, ದೊಡ್ಡ ಅಂಗಡಿಗಳಲ್ಲಿ ಅಳತೆಗೆ ಕೊಯ್ದೂ ಕೊಡುತ್ತಾರೆ. ಆದರೆ ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲೆ. ಕಿಟಕಿ ತೆಗೆಯೋ ಹಾಗಿಲ್ಲ. ಮನೆಯೊಳಗೆ ಉಜ್ಜೋಕೆ ಕೂತರೆ ಮರದ ಧೂಳು ಹಾಸಿಗೆವರೆಗೂ. ಗರಗಸ, ಡ್ರಿಲ್ಲು ಎಲ್ಲ ಹೊಸದಾಗಿ ಕೊಳ್ಳಬೇಕು. ಇಲ್ಲಿ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಬೆಳಿಗ್ಗೆ ಕೂತು ಕೆಲಸ ಮಾಡಿದರೆ ವಾಚ್‌ಮನ್ ಚಹಾ ತಂದುಕೊಡುತ್ತಾನೆ. ಇನ್ನೊಂದು ಕಾರಣ ನಿನಗೆ ಮಾತ್ರ ಹೇಳುತ್ತೇನೆ. ರಿಟೈರ್ ಆದ ಮೇಲೆ ಅಪ್ಪ ಇಂಥದ್ದೊಂದು ಹೊತ್ತು ತಂದ ಅಂತ ಮಗಳು ಹೇಳಿಕೊಳ್ಳಲಿ ಅನ್ನೋ ಆಸೆ.

ಹೊತ್ತೊಯ್ಯೋದಕ್ಕೆ ಬಿಚ್ಚಿ ಜೋಡಿಸುವ ಹಾಗೆ ಮಾಡಬೇಕು. ಸಾಮಾನ್ಯವಾಗಿ ವಿಮಾನದಲ್ಲಿ ಒಂದು ಚೆಕ್-ಇನ್ ಮೂಟೆಯ ಉದ್ದ, ಅಗಲ, ದಪ್ಪ ಕೂಡಿಸಿದರೆ 158 ಸೆಂಟಿಮೀಟರ್ ಮೀರಬಾರದು, ತೂಕ 23 ಕಿಲೋ. ನಿನ್ನ ಟಿಕೆಟ್ಟಿನಲ್ಲಿ ಏನಿದೆ ನೋಡಿಕೋ. ಮಗಳ ಮನೆಯ ರೇಡಿಯೇಟರ್ 1000 ಅಗಲ, 600 ಎತ್ತರ. ಎರಡೂ ಬದಿಯ ವಾಲ್ವ್ ಸೇರಿಸಿದರೆ ಪೆಟ್ಟಿಗೆಯ ಅಗಲ 1200 ಮಿಲಿಮೀಟರ್ ಆಗಲೇಬೇಕು. 120, 30, 8 ಕೂಡಿಸಿ ನೋಡು, ಸರಿಯಾಗಿ 158! ಹಾಗಾಗಿ 30 ಸೆಂಟಿಮೀಟರಿಗಿಂತ ಅಗಲದ ತುಂಡೇ ಇರಬಾರದು ಅಂತ ಮಾಡಿಕೊಂಡೆ. ಮುಂದಿನ ತಗಡು ಒಂದೇ ದೊಡ್ಡದಾಗಿ ಬೇಕಿತ್ತು ನನಗೆ. ಅದು ನಾಲ್ಕು ಕಿರಿದಾದ ತುಂಡಾಯಿತು, ನಡುನಡುವೆ ಮರದ ಪಟ್ಟಿ. ಈಗ ನೋಡಿದರೆ ಅದೇ ಚಂದ ಕಾಣುತ್ತದೆ, ನಮ್ಮೂರ ಮನೆಯ ಕಿಟಕಿ ಸರಳಿನ ಹಾಗೆ.

ಮರದ ವಿಷಯದಲ್ಲಿ ನಿನಗೆ ತೇಗದ ಹುಚ್ಚು, ಗೊತ್ತು. ಅಗಲ ಹಲಗೆ ತೇಗದ್ದು ಬೇಡ. ಪುಣೆಯ ಮಳೆಗಾಲದಲ್ಲಿ ನಿಮ್ಮ ಅಕ್ಕನ ಮನೆ ಬಾಗಿಲು ಹೇಗೆ ಉಬ್ಬಿ ಕೂತುಬಿಡುತ್ತದೆ ನೋಡಿದ್ದೀಯ. ಇಲ್ಲಿ ತೇವ ಕುಡಿದ ಮರ ಅಲ್ಲಿ ಹೋಗಿ ರೇಡಿಯೇಟರ್ ಮುಂದೆ ನಿಂತರೆ ಉದ್ದಕ್ಕೆ ಏನೂ ಆಗಲ್ಲ, ಅಡ್ಡಕ್ಕೆ ಕುಗ್ಗುತ್ತದೆ, ಸೀಳುತ್ತದೆ. ಪ್ಲೈನಲ್ಲಿ ಪದರಗಳು ಒಂದಕ್ಕೊಂದು ಅಡ್ಡ ಇರೋದರಿಂದ ಆ ಕಾಟ ಇಲ್ಲ. ತೇಗ ಬೇಕೇ ಬೇಕು ಅಂದರೆ ಅಂಚಿಗೆ ಸಣ್ಣ ಪಟ್ಟಿ ಹೊಡಿ, ಮೇಲೆ ತೇಗದ ವೆನಿಯರ್, ಅಂದರೆ ತೆಳು ಮರದ ಹಾಳೆ, ಹಾಕಿಸು.

ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ 18 ಮಿಲಿಮೀಟರಿನ ಪ್ಲೈ ತೆಗೆದುಕೊಂಡೆ, ಐಎಸ್ 710 ಅಂತ ಮುದ್ರೆ ಇರೋದು. ಅಂಗಡಿಯವ ನಕ್ಕ. ‘ಪಾಣ್ಯಾತ್ ಠೇವಾಯಚಂ ಕಾ?’ ಅಂದ, ನೀರಲ್ಲಿ ಇಡೋದಾ ಅಂತ. ಅದು ನೀರು ತಾಳುವ ಪ್ಲೈ, ಅವನು ಕೇಳಿದ್ದು ಸರಿಯೇ. ನನಗೆ ಬೇಕಾಗಿದ್ದು ಅದರ ಅಂಟು. ಅಗ್ಗದ ಎಂಆರ್ ಪ್ಲೈನಲ್ಲಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಇರುತ್ತದೆ, ಬಿಸಿ ತಗಲಿದರೆ ಅದು ಫಾರ್ಮಾಲ್ಡಿಹೈಡ್ ಅನ್ನೋ ಕೆಟ್ಟ ಗಾಳಿ ಜಾಸ್ತಿ ಬಿಡುತ್ತದೆ. 710ರಲ್ಲಿ ಇರೋದು ಫೀನಾಲ್ ಅಂಟು, ಅದು ಬಿಡೋದು ತುಂಬಾ ಕಡಿಮೆ. ಕೂಸು ಉಸಿರಾಡುವ ಕೋಣೆಯಲ್ಲಿ ನಾಲ್ಕು ಕಾಸು ಉಳಿಸೋಕೆ ಹೋಗಬೇಡ. ಎಂಡಿಎಫ್ ನಾನು ಬಿಟ್ಟದ್ದು ಬೇರೆ ಕಾರಣಕ್ಕೆ. ವಿಮಾನ ನಿಲ್ದಾಣದಲ್ಲಿ ಮೂಟೆ ಎತ್ತಿ ಎಸೆದರೆ ಅದರ ಮೂಲೆ ಪುಡಿಯಾಗುತ್ತದೆ, ಅಂಚಿನಲ್ಲಿ ಸ್ಕ್ರೂನೂ ಗಟ್ಟಿ ಹಿಡಿಯೋದಿಲ್ಲ.

ಕಬ್ಬಿಣದ ಸಾಮಾನೆಲ್ಲ ರವಿವಾರ ಪೇಠೆಯ ಬೋಹರಿ ಆಳಿಯಲ್ಲಿ ಸಿಗುತ್ತದೆ. ಬ್ಯಾರೆಲ್ ನಟ್ಟು, ಅಲೆನ್ ಬೋಲ್ಟು, ಎಲ್ ಪಟ್ಟಿ, ಮಂಚದ ಅಡ್ಡಪಟ್ಟಿಗೆ ಹಾಕೋ ಕೊಕ್ಕೆ, ಕಾಲಿಗೆ ತಿರುಗಿಸಿ ಎತ್ತರ ಹೊಂದಿಸೋ ಬೂಟು. ಆ ಬೂಟು ಮರೆಯಲೇಬೇಡ. ಮಗಳದ್ದು ಹಳೇ ಇಟ್ಟಿಗೆ ಮನೆ, ನೆಲ ಒಂದು ಕಡೆ ಇಳಿದಿದೆ. ಬೂಟು ಇದ್ದದ್ದರಿಂದ ಅಲ್ಲಿ ಗರಗಸ ಹಿಡಿಯೋ ಪ್ರಸಂಗವೇ ಬರಲಿಲ್ಲ. ತಗಡೂ ಬೋಹರಿ ಆಳಿಯಲ್ಲೇ ಕೊಯ್ಸಿದೆ. ಎಲ್ಲ ಸೇರಿ ಮೂಟೆ ಹನ್ನೆರಡು ಕಿಲೋ ಆಸುಪಾಸು ಆಯಿತು. ಉಳಿದ ತೂಕಕ್ಕೆ ಚಟ್ನಿಪುಡಿ.

ಬಣ್ಣ, ಪಾಲಿಶ್ ಎಲ್ಲ ಇಲ್ಲೇ ಮುಗಿಸು. ಥಿನ್ನರ್, ಎಣ್ಣೆ ಬಣ್ಣ ವಿಮಾನದಲ್ಲಿ ಬಿಡೋದಿಲ್ಲ. ನೀರಿನಲ್ಲಿ ಕಲಸೋ ಪಾಲಿಶ್ ಹಚ್ಚಿ ಒಂದೆರಡು ವಾರ ಬಾಲ್ಕನಿಯಲ್ಲಿ ಗಾಳಿಗೆ ಬಿಡು, ವಾಸನೆ ಹೋಗಲಿ. ಒಳಮೈಗೂ ಹಚ್ಚು. ಒಂದೇ ಮೈಗೆ ಹಚ್ಚಿದರೆ ಹಲಗೆ ಬಾಗುತ್ತದೆ.

ಅಳತೆಯ ಬಗ್ಗೆ. ಮಗನಿಗೆ ‘ರೇಡಿಯೇಟರ್ ಅಳತೆ ಕಳಿಸು’ ಅನ್ನಬೇಡ. ನನ್ನ ಅಳಿಯ ಹಾಗೇ ಕಳಿಸಿದ, ವಾಲ್ವ್ ಬಿಟ್ಟು! ಈ ವಾಲ್ವ್‌ನಿಂದ ಆ ವಾಲ್ವ್‌ವರೆಗೆ ಎಷ್ಟು, ನೆಲದಿಂದ ತುದಿಗೆ ಎಷ್ಟು, ಗೋಡೆಯಿಂದ ಮುಂಭಾಗಕ್ಕೆ ಎಷ್ಟು, ಹೀಗೆ ಕೇಳು. ಗೋಡೆಯ ಬುಡದಲ್ಲಿ ಮರದ ಸ್ಕರ್ಟಿಂಗ್ ಇರುತ್ತದೆ, ಅದರ ಎತ್ತರ ಮತ್ತು ದಪ್ಪವೂ ಬೇಕು. ಪಕ್ಕದ ಹಲಗೆಗಳ ಹಿಂದೆ ಅಷ್ಟು ಕೊಯ್ದು ಕಚ್ಚು ಮಾಡದಿದ್ದರೆ ಪೆಟ್ಟಿಗೆ ಗೋಡೆಗೆ ಕೂರೋದೇ ಇಲ್ಲ. ಕಚ್ಚು 5 ಮಿಲಿಮೀಟರ್ ದೊಡ್ಡದಾಗಿಯೇ ಇರಲಿ. ಟೇಪ್ ಹಿಡಿದೇ ಫೋಟೊ ತೆಗೆಯಲಿ.

ವಾಲ್ವ್‌ಗಳಲ್ಲಿ ಒಂದರ ತಲೆ ಮೇಲೆ 1ರಿಂದ 5ರವರೆಗೆ ಅಂಕೆ ಇದ್ದರೆ ಅದು ಥರ್ಮೊಸ್ಟಾಟ್ ಇರೋದು. ತನ್ನ ಸುತ್ತಲ ಗಾಳಿ ಎಷ್ಟು ಬಿಸಿ ಅಂತ ನೋಡಿ ನೀರು ನಿಲ್ಲಿಸುತ್ತದೆ. ಅದನ್ನ ಪೆಟ್ಟಿಗೆಯೊಳಗೆ ಕೂಡಿಹಾಕಿದರೆ ಕೋಣೆ ಕಾದಿದೆ ಅಂತ ತಿಳಿದು ಬೇಗ ಮುಚ್ಚಿಕೊಳ್ಳುತ್ತದೆ. ಕೋಣೆಯಲ್ಲಿ ನೀವು ನಡುಗುತ್ತಾ ಕೂತಿರುತ್ತೀರಿ. ನಾನು ಆ ಬದಿಯ ಹಲಗೆಯ ಕೆಳಭಾಗವನ್ನ 250 ಮಿಲಿಮೀಟರ್ ಎತ್ತರಕ್ಕೆ ಕೊಯ್ದು ತೆಗೆದೆ. ನೆಲದ ತಣ್ಣನೆ ಗಾಳಿ ಅದಕ್ಕೆ ನೇರ ತಾಗುತ್ತದೆ. ಅಷ್ಟರಿಂದ ಆಗದಿದ್ದರೆ ವೈರಿನ ತುದಿಯಲ್ಲಿ ಸೆನ್ಸರ್ ಇರೋ ತಲೆ ಬರುತ್ತದೆ, ಅದನ್ನ ಹಾಕಿಸಬಹುದು.

ಕೂರಿಸೋದು ಒಂದು ಮಧ್ಯಾಹ್ನದ ಕೆಲಸ. ಹೀಟಿಂಗ್ ಆರಿಸಿ, ತಣ್ಣಗಾಗಲಿ ಬಿಡು. ಹೊರಗೋಡೆ ಆದರೆ ರೇಡಿಯೇಟರಿನ ಹಿಂದೆ ಶಾಖ ತಿರುಗಿಸುವ ಬೆಳ್ಳಿ ಬಣ್ಣದ ಹಾಳೆ ಅಂಟಿಸು, ಅಂಗಡಿಯಲ್ಲಿ ಸಿಗುತ್ತದೆ. ಆಮೇಲೆ ಪಕ್ಕದ ಹಲಗೆ, ಮೇಲಿನ ಹಲಗೆ ಜೋಡಿಸಿ, ಬೂಟು ತಿರುಗಿಸಿ ಮಟ್ಟ ಮಾಡು. ಎರಡು ಎಲ್ ಪಟ್ಟಿಯಿಂದ ಗೋಡೆಗೆ ಬಿಗಿ. ಇದನ್ನ ಬಿಡಲೇಬೇಡ. ನಡೆಯೋಕೆ ಕಲಿಯೋ ಕೂಸು ಹಿಡಿದು ಜಗ್ಗಿದರೆ ಪೆಟ್ಟಿಗೆ ಅದರ ಮೇಲೆಯೇ ಬೀಳುತ್ತದೆ. ಗೋಡೆ ಬಡಿದು ನೋಡು. ಟೊಳ್ಳು ಸದ್ದು ಬಂದರೆ ಅದು ಪ್ಲಾಸ್ಟರ್‌ಬೋರ್ಡ್, ಅದಕ್ಕೆ ರೆಕ್ಕೆ ಬಿಚ್ಚೋ ಆಂಕರ್ ಬೇಕು, ನಮ್ಮ ಇಟ್ಟಿಗೆ ಗೋಡೆಯ ಪ್ಲಗ್ಗು ನಿಲ್ಲೋದಿಲ್ಲ. ಪೈಪು ಹೋಗಿರೋ ನೇರದಲ್ಲಿ ತೂತು ಕೊರೆಯಬೇಡ. ಬಾಡಿಗೆ ಮನೆ ಆದರೆ ಮೊದಲು ಮಾಲೀಕರನ್ನ ಕೇಳಲಿ.

ಮುಂದಿನ ಚೌಕಟ್ಟು ಮಾತ್ರ ಮಂಚದ ಕೊಕ್ಕೆಯಲ್ಲಿ ನೇತುಹಾಕು. ಮೇಲಕ್ಕೆ ಎತ್ತಿದರೆ ಕಳಚಿ ಬರಬೇಕು. ರೇಡಿಯೇಟರಿನಲ್ಲಿ ಗಾಳಿ ಸೇರಿಕೊಂಡರೆ ಮೇಲಿನ ಮೂಲೆಯ ಸಣ್ಣ ತಿರುಪನ್ನ ಕೀಲಿ ಹಾಕಿ ಸಡಿಲಿಸಿ ಗಾಳಿ ಬಿಡಬೇಕಾಗುತ್ತದೆ. ಒಳಗಿನ ಧೂಳನ್ನೂ ತೆಗೆಯಬೇಕು. ಕೂಸು ಎತ್ತದ ಹಾಗೆ ಒಳಗೊಂದು ಚಿಲಕ ಇರಲಿ.

ಬೆಂಕಿಯ ಭಯ ಬೇಡ. ಮರ ಹೊತ್ತಿಕೊಳ್ಳೋಕೆ 200 ಡಿಗ್ರಿಗಿಂತ ಎಷ್ಟೋ ಮೇಲೆ ಹೋಗಬೇಕು, ಬಿಸಿನೀರಿನ ರೇಡಿಯೇಟರ್ ಅದರ ಹತ್ತಿರವೂ ಬರೋದಿಲ್ಲ. ಆದರೆ ಎಷ್ಟೇ ಸಂದು ಬಿಟ್ಟರೂ ಶಾಖ ಸ್ವಲ್ಪ ಕಡಿಮೆಯಾಗುವುದು ನಿಜ. ಬೆಳಿಗ್ಗೆ ಕೋಣೆ ಕಾಯೋಕೆ ಮೊದಲಿಗಿಂತ ತಡ ಆಗುತ್ತದೆ ಅಂತ ಮಗಳು ಟೈಮರನ್ನ ಮುಂಚೆಯೇ ಇಟ್ಟುಕೊಂಡಿದ್ದಾಳೆ. ಮೊಮ್ಮಗು ದೊಡ್ಡದಾದ ಮೇಲೆ ಮುಂದಿನ ಚೌಕಟ್ಟು ತೆಗೆದಿಡಿ ಅಂತ ನಾನೇ ಹೇಳಿ ಬಂದಿದ್ದೇನೆ. ಅವಳು ಒಪ್ಪೋದಿಲ್ಲ. ಮೇಲೆ ಈಗ ಗಿಡ, ಫೋಟೊ, ಗಣಪತಿ ಎಲ್ಲ ಕೂತಾಗಿದೆ. ಒದ್ದೆ ಸಾಕ್ಸ್ ಕೂಡ.

ಮಗನ ಫೋಟೊಗಳು ಬಂದ ಕೂಡಲೇ ನನಗೆ ಕಳಿಸು. ನಕ್ಷೆ ನಾನು ಹಾಕಿಡುತ್ತೇನೆ. ನೀನು ಕಲ್ಯಾಣದಲ್ಲಿ ಇಂದ್ರಾಯಣಿ ರೈಲು ಹಿಡಿದು ಬಂದುಬಿಡು. ಸ್ಟೇಷನ್ನಿನಿಂದ ನೇರ ಟಿಂಬರ್ ಮಾರ್ಕೆಟ್, ಅಲ್ಲಿಂದ ಬೋಹರಿ ಆಳಿ, ಊಟ ನಮ್ಮಲ್ಲಿ. ದೀಪಾವಳಿ ಹತ್ತಿರ ಬಂದರೆ ಆ ಪೇಠೆಗಳಲ್ಲಿ ಕಾಲಿಡೋಕೆ ಜಾಗ ಇರಲ್ಲ, ಅದಕ್ಕೆ ಮೊದಲೇ ಬಾ. ಹಳೇ ಚಪ್ಪಲಿ ಬೇಡ, ಬೂಟು ಹಾಕಿಕೊಂಡು ಬಾ, ಹಲಗೆ ಹೊರೋದು ನೀನೇ.

ನಿನ್ನವ